ಘಟ್ಟದ ಮಳೆಗೆ ಹಿಂಚಕ್ರದ ಹಿಡಿತ: ಎಲ್‌ಎಸ್‌ಡಿ ಕೂರಿಸುವುದು ಹೇಗೆ?

ದೇವಿಮನೆ ಘಟ್ಟವಿರಲಿ, ಅಣಶಿ ಇರಲಿ, ಮೃಗಶಿರ ಹಿಡಿದ ಮೇಲೆ ತಿರುವುಗಳ ಒಳಮೈಯಲ್ಲಿ ಧರೆಯಿಂದ ಇಳಿದ ಕೆಮ್ಮಣ್ಣು, ಕೊಳೆತ ತರಗೆಲೆ, ಪಾಚಿ ಮೂರೂ ಸೇರಿರುತ್ತವೆ. ಹಿಂಚಕ್ರ ಚಾಲನೆಯ ಜೋರು ಕಾರು ಹೇರ್‌ಪಿನ್ ಹತ್ತುವಾಗ ಭಾರವೆಲ್ಲ ಹೊರಚಕ್ರದ ಮೇಲೆ ವಾಲುತ್ತದೆ, ಹಗುರಾದ ಒಳಚಕ್ರ ಆ ರಾಡಿಯ ಮೇಲೆಯೇ ಉರುಳಬೇಕು. ಇಂಜಿನ್ನಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆಯೇ ಡಿಫರೆನ್ಷಿಯಲ್. ಅದರ ಮಾಮೂಲಿ ಬಗೆಯಾದ ಓಪನ್ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾದ ಟಾರ್ಕ್ (ತಿರುಗಿಸುವ ಬಲ) ಹಂಚುತ್ತದೆ. ಅಂದರೆ ಜಾರುವ ಚಕ್ರ ಎಷ್ಟು ತಾಳಿತೋ ಅಷ್ಟೇ ಇನ್ನೊಂದಕ್ಕೂ ಸಿಗುತ್ತದೆ. ಒಳಚಕ್ರ ಗಿರಗಿರ ತಿರುಗುತ್ತದೆ, ಕಾರು ನಿಂತಲ್ಲೇ ಇರುತ್ತದೆ. ಈಚಿನ ಕಾರುಗಳಲ್ಲಿ ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ ಸುಧಾರಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ಅದು ಇಂಜಿನ್ನಿನ ಶಕ್ತಿಯನ್ನೇ ಬಿಸಿಯಾಗಿ ಸುಡುವ ಉಪಾಯ, ಹಿಂದಿನ ಪ್ಯಾಡ್‌ಗಳೂ ಬೇಗ ಸವೆಯುತ್ತವೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಬಿಎಂಡಬ್ಲ್ಯು 3 ಸೀರೀಸ್‌ನಂಥ ಸೆಡಾನ್‌ಗಳಿಗೆ ಹಿಡಿತವಿರುವ ಚಕ್ರಕ್ಕೆ ಹೆಚ್ಚು ಬಲ ಕಳಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎಲ್‌ಎಸ್‌ಡಿ) ಕೂರಿಸಲು ಹೊರಡುವವರು ಹಣವನ್ನೆಲ್ಲ ಎಲ್‌ಎಸ್‌ಡಿಯ ಮೇಲೆ ಸುರಿದು, ಅದನ್ನು ಕೂರಿಸುವ ಅಳತೆಯ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತಾರೆ. ಆಗಬೇಕಾದದ್ದು ತಿರುಗಾ ಮುರುಗಾ. ಸಾಧಾರಣ ಎಲ್‌ಎಸ್‌ಡಿ ಸರಿಯಾದ ಶಿಮ್‌ (ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆ) ಮೇಲೆ ಕೂತರೆ ವರ್ಷಗಟ್ಟಲೆ ಬಾಳುತ್ತದೆ. ದುಬಾರಿಯದು ಅಂದಾಜಿನ ಮೇಲೆ ಕೂತರೆ ಮಳೆಗಾಲ ಮುಗಿಯುವುದರೊಳಗೆ ಊಳಿಡತೊಡಗುತ್ತದೆ.

ಹೆಲಿಕಲ್ಲೋ ಪ್ಲೇಟೋ?

ಟಾರ್ಸೆನ್, ಕ್ವೈಫ್ ಮಾದರಿಯ ಹೆಲಿಕಲ್ ಎಲ್‌ಎಸ್‌ಡಿಯಲ್ಲಿ ಓರೆ ಹಲ್ಲಿನ ಗೇರುಗಳು ಒತ್ತಡ ಬಿದ್ದಾಗ ಪಕ್ಕಕ್ಕೆ ತಳ್ಳಿಕೊಂಡು ಘರ್ಷಣೆ ಹುಟ್ಟಿಸುತ್ತವೆ. ಕಡಿಮೆ ಹಿಡಿತದ ಚಕ್ರ ತಾಳುವ ಟಾರ್ಕಿನ ಎರಡು, ಎರಡೂವರೆ ಪಟ್ಟು ಇನ್ನೊಂದಕ್ಕೆ ಹೋಗುತ್ತದೆ. ಸವೆಯುವ ಪ್ಲೇಟ್ ಇಲ್ಲ, ಸದ್ದಿಲ್ಲ, ಎಬಿಎಸ್ ಜೊತೆ ಜಗಳವಿಲ್ಲ. ಕೊರತೆ ಒಂದೇ: ಒಂದು ಚಕ್ರ ಪೂರ್ತಿ ಗಾಳಿಗೆದ್ದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಆಗ ಬ್ರೇಕನ್ನು ಮೆಲ್ಲಗೆ ಒತ್ತಿ ಆ ಚಕ್ರಕ್ಕೆ ತುಸು ತಡೆ ಕೊಟ್ಟರೆ ಕಾರು ಮುಂದೆ ಸರಿಯುತ್ತದೆ.

ಪ್ಲೇಟ್ ಮಾದರಿಯಲ್ಲಿ ಕ್ಲಚ್ ತಟ್ಟೆಗಳಿರುತ್ತವೆ. ಓರೆ ರ‍್ಯಾಂಪ್‌ಗಳು ಅವನ್ನು ಒತ್ತುತ್ತವೆ, ಜೊತೆಗೆ ಸ್ಪ್ರಿಂಗಿನ ಪ್ರೀಲೋಡ್, ಅಂದರೆ ಮೊದಲೇ ಕೊಟ್ಟಿಟ್ಟ ಒತ್ತಡ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಹಿಡಿಯುವುದು ಒನ್-ವೇ. ಬಿಟ್ಟಾಗಲೂ ಅಷ್ಟೇ ಬಲವಾಗಿ ಹಿಡಿಯುವುದು ಟು-ವೇ. ಬಿಟ್ಟಾಗ ಕಡಿಮೆ ಹಿಡಿಯುವುದು ಒನ್ ಪಾಯಿಂಟ್ ಫೈವ್. ಟು-ವೇ ಹಾಕಿಕೊಂಡು ಅರಬೈಲು ಘಟ್ಟ ಇಳಿದರೆ, ಇಂಜಿನ್ ಬ್ರೇಕಿಂಗ್‌ನಲ್ಲಿ ಎರಡೂ ಹಿಂಚಕ್ರಗಳು ಒಂದೇ ವೇಗಕ್ಕೆ ಕಟ್ಟಿಕೊಂಡು ಮೂತಿಯನ್ನು ನೆಟ್ಟಗೆ ತಳ್ಳುತ್ತವೆ. ಒದ್ದೆ ರಸ್ತೆಯ ಇಳಿಜಾರು ತಿರುವಿನಲ್ಲಿ ಇದು ಕೆಟ್ಟ ಗುಣ. ಟ್ರ್ಯಾಕ್‌ಗೆ ಹೋಗುವವರಿಗೆ ಪ್ಲೇಟ್ ಸರಿ. ಶಿರಸಿ-ಕುಮಟಾ ಓಡಾಡುವ, ಮನೆಮಂದಿಯನ್ನೂ ಕೂರಿಸಿಕೊಳ್ಳುವ ಕಾರಿಗೆ ಹೆಲಿಕಲ್ ಸಾಕು. ಪ್ಲೇಟೇ ಬೇಕೆಂದರೆ ಪ್ರೀಲೋಡ್ ಕಡಿಮೆ ಇರುವ ಒನ್ ಪಾಯಿಂಟ್ ಫೈವ್ ತರಿಸಿ.

ಆರ್ಡರ್ ಕೊಡುವ ಮೊದಲು

ಡಿಫರೆನ್ಷಿಯಲ್‌ನ ಹೊರಕವಚವಾದ ಹೌಸಿಂಗ್ ಮೇಲಿನ ಗೇರ್ ಅನುಪಾತದ ಗುರುತು, ಒಳಗಿನ ದೊಡ್ಡ ಗೇರಾದ ಕ್ರೌನ್‌ನ ಅಳತೆ ಎರಡನ್ನೂ ಬರೆದಿಟ್ಟುಕೊಳ್ಳಿ. ಒಂದು ಮಾದರಿಯ ಹೆಸರಿನಡಿ ಎರಡು ಮೂರು ಬಗೆಯ ಡಿಫರೆನ್ಷಿಯಲ್ ಬಂದಿರುವುದುಂಟು. ಇನ್ನೂ ದೊಡ್ಡ ಬಲೆ, ಬೋಲ್ಟ್ ಬದಲು ಬೆಸುಗೆಯಿಂದ ಕ್ಯಾರಿಯರ್‌ಗೆ (ಕ್ರೌನನ್ನು ಹೊತ್ತು ತಿರುಗುವ ಭಾಗ, ಎಲ್‌ಎಸ್‌ಡಿ ಕೂರುವುದು ಇದರ ಜಾಗದಲ್ಲೇ) ಅಂಟಿಸಿದ ಕ್ರೌನ್. ಈಚಿನ ಅನೇಕ ಬಿಎಂಡಬ್ಲ್ಯು ಡಿಫರೆನ್ಷಿಯಲ್‌ಗಳು ಹೀಗಿವೆ. ಬೆಸುಗೆಯದಾದರೆ ಬೋಲ್ಟ್ ಕೂರುವ ಕ್ರೌನ್-ಪಿನಿಯನ್ ಜೋಡಿ ಬೇರೆ ಬೇಕು (ಪಿನಿಯನ್ ಎಂದರೆ ಕ್ರೌನನ್ನು ತಿರುಗಿಸುವ ಚಿಕ್ಕ ಗೇರು). ಆಗ ಪಿನಿಯನ್ ಆಳವನ್ನೂ, ಅಂದರೆ ಅದು ಕ್ರೌನ್ ಕಡೆಗೆ ಎಷ್ಟು ಒಳಕ್ಕೆ ಕೂರಬೇಕೆಂಬುದನ್ನೂ, ಹೊಸದಾಗಿ ಹೊಂದಿಸಬೇಕಾಗಿ ಕೆಲಸ ಇಮ್ಮಡಿಯಾಗುತ್ತದೆ. ಹಿಂದಿನ ಕವರ್ ಬಿಚ್ಚಿ ನೋಡದೆ ದುಡ್ಡು ಕಟ್ಟಬೇಡಿ.

ತರಿಸಬೇಕಾದ ಪಟ್ಟಿ: ಎಲ್‌ಎಸ್‌ಡಿ, ಎರಡು ಕ್ಯಾರಿಯರ್ ಬೇರಿಂಗ್, ಎರಡು ಔಟ್‌ಪುಟ್ ಸೀಲ್, ಕವರ್ ಗ್ಯಾಸ್ಕೆಟ್, ಕ್ರೌನ್‌ನ ಹೊಸ ಬೋಲ್ಟ್‌ಗಳು, ಹಾಫ್ ಶಾಫ್ಟ್ (ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ದಂಡ) ಬೋಲ್ಟ್‌ಗಳು, ಶಿಮ್ ಸೆಟ್, ಗೇರ್ ಮಾರ್ಕಿಂಗ್ ಪೇಸ್ಟ್, 2 ಲೀಟರ್ ಜಿಎಲ್-5 ದರ್ಜೆಯ ಗೇರ್ ಎಣ್ಣೆ. ಡಯಲ್ ಗೇಜ್, ಮೈಕ್ರೋಮೀಟರ್, ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಬೇಡ. ಊರಿನಲ್ಲಿ ಪ್ರೆಸ್ ಸಿಕ್ಕೀತು, ಬೇಕಾದ ದಪ್ಪದ ಶಿಮ್ ಸಿಗುವುದು ಕಷ್ಟ. ಹುಬ್ಬಳ್ಳಿ, ಗೋವೆಯಲ್ಲಿ ವಿಚಾರಿಸಿ, ಇಲ್ಲವೇ ಸರ್ಫೇಸ್ ಗ್ರೈಂಡರ್ ಇರುವ ಲೇತ್ ವರ್ಕ್ಸ್‌ನಲ್ಲಿ ದಪ್ಪ ಶಿಮ್ ತೆಳ್ಳಗೆ ಮಾಡಿಸಿಕೊಳ್ಳಿ.

ಇಳಿಸುವುದು

ಕಾರವಾರ, ಅಂಕೋಲಾ, ಹೊನ್ನಾವರದ ಕಾರಾದರೆ ಎರಡು ದಿನ ಮೊದಲೇ ಮೌಂಟಿಂಗ್ ಬೋಲ್ಟ್, ಎಕ್ಸಾಸ್ಟ್ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ. ಕಡಲಗಾಳಿಯ ಉಪ್ಪಿಗೆ ಮೌಂಟಿಂಗ್ ಬೋಲ್ಟ್ ಬುಷ್‌ನ ಒಳಕೊಳವೆಗೆ ಹಿಡಿದುಕೊಂಡಿರುತ್ತದೆ. ಬಲವಂತ ಮಾಡಿದರೆ ಬೋಲ್ಟ್ ತಿರುಗದೆ ಬುಷ್‌ನ ರಬ್ಬರ್ ಹರಿಯುತ್ತದೆ.

ಸ್ಟ್ಯಾಂಡ್‌ಗಳ ಕೆಳಗಿನ ನೆಲ ನೋಡಿಕೊಳ್ಳಿ. ಮಣ್ಣಿನ ಅಂಗಳವಾದರೆ ಪ್ರತಿ ಸ್ಟ್ಯಾಂಡಿಗೂ ದಪ್ಪ ಉಕ್ಕಿನ ತಟ್ಟೆ ಬೇಕು. ಚಿರೇಕಲ್ಲನ್ನು ಆಧಾರಕ್ಕೆ ಇಡುವ ಅಭ್ಯಾಸ ನಮ್ಮಲ್ಲಿದೆ. ಗೋಡೆಗೆ ಅದು ಒಳ್ಳೆಯ ಕಲ್ಲೇ, ಆದರೆ ಜಾಕಿನ ಒಂದೇ ಬಿಂದುವಿನ ಭಾರಕ್ಕೆ, ಅದರಲ್ಲೂ ನೀರು ಕುಡಿದಿದ್ದರೆ, ಸೂಚನೆ ಕೊಡದೆ ಸೀಳುತ್ತದೆ.

ಮೊದಲು ಎಣ್ಣೆ ತುಂಬುವ ಪ್ಲಗ್ ಬಿಚ್ಚಿ. ಅದು ಬಿಚ್ಚಿದ ಮೇಲೆಯೇ ಕೆಳಗಿನ ಡ್ರೈನ್ ಪ್ಲಗ್. ಹಿಂದುಮುಂದಾಗಿ, ಮೇಲಿನದು ಕಚ್ಚಿಕೊಂಡರೆ ಎಣ್ಣೆಯಿಲ್ಲದ ಕಾರು ಅಲ್ಲೇ ಉಳಿಯುತ್ತದೆ. ಇಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಮತ್ತು ಅದು ಕೂಡುವ ಫ್ಲಾಂಜ್ ಮೇಲೆ ಬಣ್ಣದ ಗೆರೆ ಎಳೆದು ಬೇರ್ಪಡಿಸಿ. ಮತ್ತೆ ಅದೇ ಗೆರೆಗೆ ಕೂರದಿದ್ದರೆ ವೇಗದಲ್ಲಿ ನಡುಕ ಬರಬಹುದು. ಹಾಫ್ ಶಾಫ್ಟ್‌ಗಳನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ಜೋತುಬಿಟ್ಟರೆ ಸಿವಿ ಜಾಯಿಂಟ್‌ನ ರಬ್ಬರ್ ಬೂಟು ಹರಿಯುತ್ತದೆ. ಡಿಫರೆನ್ಷಿಯಲ್ ಒಂದೇ ಆಳು ತೋಳಲ್ಲಿ ತಡೆಯುವ ಭಾರವಲ್ಲ, ಟ್ರಾನ್ಸ್‌ಮಿಷನ್ ಜಾಕ್ ಇಟ್ಟು ಪಟ್ಟಿ ಬಿಗಿದು ಇಳಿಸಿ.

ಬಿಚ್ಚುವ ಮೊದಲು ಅಳೆಯಿರಿ

ಡಯಲ್ ಗೇಜನ್ನು ಕ್ರೌನ್‌ನ ಹಲ್ಲಿಗೆ ಲಂಬವಾಗಿ ತಾಗಿಸಿ, ಪಿನಿಯನ್ ಅಲುಗದಂತೆ ಹಿಡಿದು, ಕ್ರೌನನ್ನು ಹಿಂದೆ ಮುಂದೆ ಆಡಿಸಿ. ಗೇಜ್ ತೋರಿಸುವುದೇ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲ. ಸುತ್ತಲೂ ನಾಲ್ಕು ಕಡೆ ಅಳೆದು ಬರೆಯಿರಿ. ಬಹಳಷ್ಟು ಕಾರುಗಳಲ್ಲಿ ಇದು 0.10ರಿಂದ 0.20 ಮಿ.ಮೀ. ಒಳಗಿರುತ್ತದೆ, ನಿಮ್ಮ ಕಾರಿನ ವರ್ಕ್‌ಶಾಪ್ ಕೈಪಿಡಿಯ ಅಂಕಿಯೇ ಅಂತಿಮ. ಹಲ್ಲಿಗೆ ಪೇಸ್ಟ್ ಹಚ್ಚಿ ತಿರುಗಿಸಿ, ಮೂಡಿದ ಗುರುತಿನ ಫೋಟೋ ತೆಗೆದಿಡಿ. ಬೇರಿಂಗ್ ಕ್ಯಾಪ್‌ಗಳಿದ್ದರೆ ಅವಕ್ಕೆ ಎಡ-ಬಲ, ಮೇಲೆ-ಕೆಳಗೆ ಪಂಚ್ ಗುರುತು ಹಾಕಿ. ಎರಡೂ ಬದಿಯ ಶಿಮ್ ಕಲಸಬೇಡಿ.

ಡಿಫರೆನ್ಷಿಯಲ್ ಇಲ್ಲಿಯವರೆಗೆ ಸದ್ದು ಮಾಡಿಲ್ಲ, ಪಿನಿಯನ್ ಸೀಲ್ ಸೋರುತ್ತಿಲ್ಲ ಎಂದಾದರೆ ಪಿನಿಯನ್‌ನ ದೊಡ್ಡ ನಟ್ ಮುಟ್ಟಲೇಬೇಡಿ. ಪಿನಿಯನ್ ಆಳ ನಿಂತಿರುವುದು ಹೌಸಿಂಗ್, ಬೇರಿಂಗ್ ಮತ್ತು ಪಿನಿಯನ್ ಮೇಲೆ. ಕ್ಯಾರಿಯರ್ ಬದಲಾದರೆ ಅದು ಬದಲಾಗುವುದಿಲ್ಲ. ‘ಹೇಗೂ ಬಿಚ್ಚಿದ್ದೇವಲ್ಲ’ ಎಂದು ಅದನ್ನೂ ಸಡಿಲಿಸಿದರೆ ಕ್ರಶ್ ಸ್ಲೀವ್ (ನಟ್ ಬಿಗಿದಾಗ ಅಮುಕಿಕೊಂಡು ಬೇರಿಂಗಿನ ಒತ್ತಡ ಹೊಂದಿಸುವ ಕೊಳವೆ) ಹೊಸದು ಬೇಕು, ಪ್ರೀಲೋಡ್ ಮತ್ತೆ ಹೊಂದಿಸಬೇಕು.

ಇನ್ನು ಶಿಮ್ ಲೆಕ್ಕ. ಹಳೆಯ ಕ್ಯಾರಿಯರ್, ಹೊಸ ಎಲ್‌ಎಸ್‌ಡಿ ಎರಡರಲ್ಲೂ ಎರಡು ಅಳತೆ ತೆಗೆಯಿರಿ: ಒಂದು ಬೇರಿಂಗ್ ಕೂರುವ ಭುಜದಿಂದ ಇನ್ನೊಂದು ಭುಜದವರೆಗಿನ ಒಟ್ಟು ಅಗಲ, ಮತ್ತೆ, ಕ್ರೌನ್ ಕೂರುವ ಮುಖದಿಂದ ಅದೇ ಬದಿಯ ಭುಜದವರೆಗಿನ ದೂರ. ಉದಾಹರಣೆಗೆ ಹೊಸದರ ಒಟ್ಟು ಅಗಲ 0.12 ಮಿ.ಮೀ. ಹೆಚ್ಚು, ಕ್ರೌನ್ ಬದಿಯ ದೂರ 0.05 ಮಿ.ಮೀ. ಕಡಿಮೆ ಎಂದಿಟ್ಟುಕೊಳ್ಳಿ. ಕ್ರೌನ್ ಹಳೆಯ ಜಾಗದಲ್ಲೇ ನಿಲ್ಲಬೇಕಾದರೆ ಅದರ ಬದಿಯ ಶಿಮ್ 0.05 ದಪ್ಪವಾಗಬೇಕು, ಎದುರು ಬದಿಯದು 0.17 ತೆಳ್ಳಗಾಗಬೇಕು. ಹಳೆಯ ಬೇರಿಂಗ್‌ಗೂ ಹೊಸದಕ್ಕೂ ಎತ್ತರದಲ್ಲಿ ವ್ಯತ್ಯಾಸವಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಹತ್ತು ನಿಮಿಷದ ಈ ಲೆಕ್ಕ ನಾಲ್ಕು ಸಲ ಬಿಚ್ಚಿ ಜೋಡಿಸುವುದನ್ನು ತಪ್ಪಿಸುತ್ತದೆ.

ಜೋಡಣೆ

ಕ್ರೌನನ್ನು ಓವನ್‌ನಲ್ಲಿ 80ರಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಹೊಸ ಕ್ಯಾರಿಯರ್ ಮೇಲೆ ತಾನಾಗಿ ಇಳಿಯುತ್ತದೆ. ಬೋಲ್ಟ್ ತಿರುಗಿಸಿ ಎಳೆದು ಕೂರಿಸುವವರಿದ್ದಾರೆ. ಓರೆಯಾಗಿ ಕೂರುವುದು ಹಾಗೆಯೇ. ಎರಡು ಮುಖಗಳ ನಡುವೆ ಒಂದು ಚೂರು ಕೊಳೆ ಇದ್ದರೂ ಕ್ರೌನ್ ವಾಲಾಡುತ್ತದೆ. ತಣ್ಣಗಾದ ಮೇಲೆ ಹೊಸ ಬೋಲ್ಟ್‌ಗಳಿಗೆ ಥ್ರೆಡ್ ಲಾಕ್ ಹಚ್ಚಿ, ಎದುರು-ಬದುರಾಗಿ, ಎರಡು ಮೂರು ಹಂತದಲ್ಲಿ ಕೈಪಿಡಿಯ ಟಾರ್ಕಿಗೆ ಬಿಗಿಯಿರಿ. ಬೇರಿಂಗನ್ನೂ ಇಂಡಕ್ಷನ್ ಹೀಟರ್‌ನಲ್ಲಿ ಸುಮಾರು 110 ಡಿಗ್ರಿಗೆ ಬಿಸಿ ಮಾಡಿ ಕೂರಿಸಿ. ಗ್ಯಾಸ್ ಕಟರ್‌ನ ಜ್ವಾಲೆ ಹಿಡಿದರೆ ಬೇರಿಂಗಿನ ಗಟ್ಟಿತನವೇ ಹೋಗುತ್ತದೆ.

ನಮ್ಮ ಕರಾವಳಿಯ ತೇವದಲ್ಲಿ ಒಂದು ಎಚ್ಚರಿಕೆ: ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿಟ್ಟ ಗೇರಿನ ಮೇಲೆ ಬೆವರಿನ ಬೆರಳಚ್ಚು ರಾತ್ರಿ ಬೆಳಗಾಗುವುದರೊಳಗೆ ತುಕ್ಕಾಗಿ ಮೂಡಬಹುದು. ತೊಳೆದ ಕೂಡಲೇ ಗೇರ್ ಎಣ್ಣೆ ಸವರಿ, ಪ್ಲಾಸ್ಟಿಕ್ ಮುಚ್ಚಿ.

ಹೌಸಿಂಗ್‌ನಲ್ಲಿ ಕೂರಿಸಿದ ಮೇಲೆ ಮತ್ತೆ ಬ್ಯಾಕ್‌ಲ್ಯಾಶ್. ಹೆಚ್ಚಿದ್ದರೆ ಕ್ರೌನ್ ಪಿನಿಯನ್ ಕಡೆಗೆ ಸರಿಯಬೇಕು, ಕಡಿಮೆಯಿದ್ದರೆ ದೂರಕ್ಕೆ. ಒಂದು ಬದಿಯಿಂದ ತೆಗೆದಷ್ಟನ್ನೇ ಇನ್ನೊಂದು ಬದಿಗೆ ಹಾಕಿದರೆ ಬೇರಿಂಗಿನ ಪ್ರೀಲೋಡ್ ಕೆಡುವುದಿಲ್ಲ. ಅಂದಾಜಿಗೆ, 0.10 ಮಿ.ಮೀ. ಸರಿಸಿದರೆ ಬ್ಯಾಕ್‌ಲ್ಯಾಶ್ 0.07ರಷ್ಟು ಬದಲಾಗುತ್ತದೆ. ನಾಲ್ಕು ಕಡೆಯ ಅಳತೆಗಳಲ್ಲಿ 0.05ಕ್ಕಿಂತ ಹೆಚ್ಚು ಅಂತರ ಕಂಡರೆ ಶಿಮ್ ಬದಲಿಸಿ ಪ್ರಯೋಜನವಿಲ್ಲ; ಕ್ರೌನ್ ಓರೆ ಕೂತಿದೆ, ಬಿಚ್ಚಿ.

ಆಮೇಲೆ ಪೇಸ್ಟ್ ಗುರುತು. ಜೋಡಿ ಹಳೆಯದೇ ಆದ್ದರಿಂದ ಹೊಸ ಗುರುತು ಹಲ್ಲಿನ ಹಳೆಯ ಹೊಳಪಿನ ಪಟ್ಟಿಯ ಮೇಲೆಯೇ ಬೀಳಬೇಕು. ಹಲ್ಲಿನ ಒಳತುದಿಗೆ, ಅಂದರೆ ಕ್ರೌನ್‌ನ ಕೇಂದ್ರದ ಕಡೆಗೆ ಸರಿದಿದ್ದರೆ ಬ್ಯಾಕ್‌ಲ್ಯಾಶ್ ಕಡಿಮೆ. ಹೊರತುದಿಗೆ ಸರಿದಿದ್ದರೆ ಹೆಚ್ಚು. ಹಲ್ಲಿನ ನೆತ್ತಿಗೆ ಅಥವಾ ಬುಡಕ್ಕೆ ಬಿದ್ದಿದ್ದರೆ ಅದು ಪಿನಿಯನ್ ಆಳದ ತಪ್ಪು, ಪಿನಿಯನ್ ಮುಟ್ಟದವರಿಗೆ ಬರಬಾರದ ತಪ್ಪು.

ಎಣ್ಣೆ, ಬ್ರೀದರ್, ಟಯರ್

ಹೆಲಿಕಲ್‌ಗೆ ಸಾಮಾನ್ಯವಾಗಿ 75ಡಬ್ಲ್ಯು-90 ಜಿಎಲ್-5 ಸಾಕು, ಘರ್ಷಣೆ ತಗ್ಗಿಸಲು ಎಣ್ಣೆಗೆ ಬೆರೆಸುವ ಫ್ರಿಕ್ಷನ್ ಮಾಡಿಫೈಯರ್ ಬೇಡ; ಅದು ದುಡಿಯುವುದೇ ಘರ್ಷಣೆಯಿಂದ. ಪ್ಲೇಟ್ ಮಾದರಿಗೆ ಎಲ್‌ಎಸ್ ಎಂದು ಬರೆದಿರುವ, ತಯಾರಕರು ಹೇಳಿದ ಎಣ್ಣೆಯೇ ಆಗಬೇಕು. ಕಾರು ಸಮತಟ್ಟಾಗಿ ನಿಂತಿರುವಾಗ ತುಂಬುವ ತೂತಿನ ಅಂಚಿನಲ್ಲಿ ಎಣ್ಣೆ ತೊಟ್ಟಿಕ್ಕುವವರೆಗೆ ತುಂಬಿ.

ಬ್ರೀದರ್, ಅಂದರೆ ಡಿಫರೆನ್ಷಿಯಲ್ ಉಸಿರಾಡುವ ಗಾಳಿತೂತು, ಚಿಕ್ಕ ಸಾಮಾನು, ನಮ್ಮ ಸೀಮೆಯಲ್ಲಿ ದೊಡ್ಡ ಕಾಟ. ಬಿಸಿಯಾದ ಡಿಫರೆನ್ಷಿಯಲ್ ರಸ್ತೆಯ ಮೇಲೆ ಹರಿಯುವ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಒಮ್ಮೆಲೆ ಕುಗ್ಗುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಸೀಲ್‌ಗಳ ಅಂಚಿನಿಂದ ನೀರು ಒಳಸೇರುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದೇ ದಿನ ಬದಲಿಸಿ.

ಹಿಂದಿನ ಎರಡೂ ಟಯರ್ ಒಂದೇ ಅಳತೆಯವು, ಒಂದೇ ಸವೆತದವು ಇರಲಿ. ಒಂದು ಹೊಸದು, ಒಂದು ಬೋಳು ಎಂದಾದರೆ ನೇರ ರಸ್ತೆಯಲ್ಲೂ ಎಲ್‌ಎಸ್‌ಡಿಗೆ ಬಿಡುವಿಲ್ಲ; ಪ್ಲೇಟ್ ಮಾದರಿ ಬಿಸಿಯಾಗುತ್ತದೆ.

ಕೂರಿಸಿದ ಮೇಲೆ

ಒಂದು ಹಿಂಚಕ್ರ ಮಾತ್ರ ಜಾಕ್ ಮೇಲಿರುವಾಗ ಇಂಜಿನ್ ಚಾಲೂ ಮಾಡಿ ಗೇರ್ ಹಾಕಬೇಡಿ. ಓಪನ್ ಡಿಫರೆನ್ಷಿಯಲ್‌ನಲ್ಲಿ ಎತ್ತಿದ ಚಕ್ರ ಸುಮ್ಮನೆ ತಿರುಗುತ್ತಿತ್ತು. ಈಗ ನೆಲದ ಮೇಲಿನ ಚಕ್ರಕ್ಕೂ ಬಲ ಹೋಗಿ ಕಾರು ಜಾಕಿನಿಂದ ಹಾರಬಹುದು.

ಪ್ಲೇಟ್ ಮಾದರಿಯಾದರೆ ಖಾಲಿ ಮೈದಾನದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಹತ್ತು ಹದಿನೈದು ಸುತ್ತು ಹಾಕಿ, ತಣಿಯಲು ಬಿಟ್ಟು, ಮತ್ತೆ ಹಾಕಿ. ಮಾಜಾಳಿ ಕಡಲತೀರ ಖಾಲಿಯಿದೆ ಎಂದು ಅತ್ತ ಇಳಿಸಬೇಡಿ. ಮರಳು, ಉಪ್ಪು ಎರಡೂ ಹೊಸ ಸೀಲ್‌ಗಳ ಶತ್ರು. ಸುಮಾರು 500 ಕಿ.ಮೀ. ಆದ ಮೇಲೆ ಮೊದಲ ಎಣ್ಣೆ ಬದಲಿಸಿ. ಡ್ರೈನ್ ಪ್ಲಗ್‌ನ ಅಯಸ್ಕಾಂತಕ್ಕೆ ಬೂದಿಯಂಥ ನುಣುಪು ಪುಡಿ ಅಂಟಿದ್ದರೆ ಸಹಜ. ಕೈಗೆ ಚುಚ್ಚುವ ಚೂರು ಕಂಡರೆ ಕವರ್ ಬಿಚ್ಚಲೇಬೇಕು. ಮಾಡಿಸಿದ ಬದಲಾವಣೆಯನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿಡಿ.

ಸದ್ದಿನಿಂದ ಕಾಯಿಲೆ ಹಿಡಿಯಬಹುದು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಊಳಿಟ್ಟರೆ ಹಲ್ಲುಗಳ ತಾಗುವಿಕೆ ತಪ್ಪಿದೆ. ಎರಡರಲ್ಲೂ ಒಂದೇ ಸಮ ಗುಂಯ್‌ಗುಟ್ಟಿ ವೇಗದೊಂದಿಗೆ ಏರಿದರೆ ಬೇರಿಂಗ್. ಕ್ಲಚ್ ಬಿಡುವಾಗ ಟಕ್ಕೆಂದರೆ ಬ್ಯಾಕ್‌ಲ್ಯಾಶ್ ಹೆಚ್ಚು, ಇಲ್ಲವೇ ಫ್ಲಾಂಜ್ ಬೋಲ್ಟ್ ಸಡಿಲ. ಮೊದಲು ಬೋಲ್ಟ್ ನೋಡಿ. ಪ್ಲೇಟ್ ಮಾದರಿಯ ಕಾರು ಪಾರ್ಕಿಂಗ್‌ನಲ್ಲಿ ಪೂರ್ತಿ ತಿರುಗಿಸುವಾಗ ಕಟಕಟ ಅದುರಿದರೆ ಹೆದರಿ ಬಿಚ್ಚಲು ಹೋಗಬೇಡಿ, ಎಣ್ಣೆಗೆ ಫ್ರಿಕ್ಷನ್ ಮಾಡಿಫೈಯರ್ ತುಸು ಸೇರಿಸಿ ಮತ್ತೆ ಎಂಟರ ಆಕಾರದಲ್ಲಿ ಸುತ್ತಿ ನೋಡಿ. ಅದಕ್ಕೂ ಬಗ್ಗದಿದ್ದರೆ ಪ್ರೀಲೋಡ್ ಅತಿಯಾಗಿದೆ. ಘಟಕವನ್ನು ಹೊರತೆಗೆದು ಸ್ಪ್ರಿಂಗ್ ಒತ್ತಡ ಇಳಿಸಬೇಕು.