ಹಿತ್ತಿಲಿಗೆ ಕೋಳಿ ತರುವ ಮುನ್ನ ಊರಿನ ನಿಯಮ ತಿದ್ದಿಸುವುದು ಹೇಗೆ?

ಅಮೆರಿಕದ ಉಪನಗರವೊಂದಕ್ಕೆ ಮನೆ ಬದಲಿಸಿದ ಬೇಸಿಗೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಹಿತ್ತಿಲನ್ನು ಅಳೆದದ್ದು. ಹಾಸನದ ಕಡೆಯ ನಮ್ಮ ಮನೆಯಲ್ಲಿ ಹಿತ್ತಿಲು ಎಂದರೆ ನುಗ್ಗೆಮರ, ಬಚ್ಚಲ ನೀರು ಕುಡಿದು ಬೆಳೆದ ಬಾಳೆ, ಕತ್ತಲಾಗುವ ಹೊತ್ತಿಗೆ ತಾವಾಗಿಯೇ ಗೂಡಿನ ಬಳಿ ಬಂದು ನಿಲ್ಲುವ ಐದಾರು ಹೇಂಟೆಗಳು. ಇಲ್ಲಿ ಇದ್ದದ್ದು ಬರೀ ಹುಲ್ಲು. ನಾಲ್ಕು ಕೋಳಿಗಳಿಗೆ ಜಾಗವೇನೋ ಧಾರಾಳವಾಗಿತ್ತು, ಅನುಮತಿ ಇರಲಿಲ್ಲ. ಊರಿನ ನಿಯಮದ ಒಂದು ಸಾಲು ಅಡ್ಡ ಕೂತಿತ್ತು. ಅದನ್ನು ತಿದ್ದಿಸಲು ನನಗೂ ಇನ್ನು ಆರೇಳು ಮನೆಯವರಿಗೂ 14 ತಿಂಗಳು ಹಿಡಿಯಿತು. ಮೊದಲ ಐದು ತಿಂಗಳು ತಪ್ಪು ಮಾಡುವುದರಲ್ಲೇ ಕಳೆಯಿತು. ಆ ಐದು ತಿಂಗಳು ನಿಮಗಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

2022ರಲ್ಲಿ ಶುರುವಾದ ಹಕ್ಕಿಜ್ವರದ ಹಾವಳಿಯಿಂದ ಇಲ್ಲಿ ಮೊಟ್ಟೆಯ ಬೆಲೆ ಏರುತ್ತಾ ಹೋಗಿ, 2025ರ ಮಾರ್ಚ್‌ನಲ್ಲಿ ಡಜನ್‌ಗೆ ಸರಾಸರಿ 6.23 ಡಾಲರ್ ಮುಟ್ಟಿತು. ಕೋಳಿ ಸಾಕುವ ಆಸೆ ಆಗ ಅನೇಕರಿಗೆ ಹುಟ್ಟಿತು. ಆದರೆ ಆಸೆಗೂ ಗೂಡಿಗೂ ನಡುವೆ ಝೋನಿಂಗ್ ಇದೆ. ಯಾವ ಬೀದಿಯಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಯಾವ ಹಿತ್ತಿಲಲ್ಲಿ ಏನಿರಬಹುದು ಎಂಬುದನ್ನೆಲ್ಲ ಹೇಳುವ ವಲಯ ನಿಯಮ ಅದು.

ವಿಚಿತ್ರವೆಂದರೆ ಒಂದು ಕಾಲದಲ್ಲಿ ಕೋಳಿ ಇಲ್ಲಿ ಅಪರಾಧಿಯಾಗಿರಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕೃಷಿ ಇಲಾಖೆಯೇ ಭಿತ್ತಿಪತ್ರ ಅಂಟಿಸಿ, ಮನೆಯ ಪ್ರತಿಯೊಬ್ಬರಿಗೆ ಎರಡರಂತೆ ಹಿತ್ತಿಲಲ್ಲಿ ಹೇಂಟೆ ಸಾಕಿ ಎಂದು ಕರೆ ಕೊಟ್ಟಿತ್ತು. 1926ರಲ್ಲಿ ಓಹಾಯೋ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ವಲಯ ನಿಯಮಗಳನ್ನು ಎತ್ತಿಹಿಡಿಯಿತು. ಉಪದ್ರವ ಎನ್ನುವುದು ಕೆಲವೊಮ್ಮೆ ಸರಿಯಾದ ವಸ್ತು ತಪ್ಪು ಜಾಗದಲ್ಲಿರುವುದಷ್ಟೇ, ಕೊಟ್ಟಿಗೆಯ ಬಯಲಲ್ಲಿರಬೇಕಾದ ಹಂದಿ ಹಜಾರದಲ್ಲಿದ್ದ ಹಾಗೆ ಎಂದು ನ್ಯಾಯಮೂರ್ತಿ ಸದರ್ಲೆಂಡ್ ಆ ತೀರ್ಪಿನಲ್ಲಿ ಬರೆದರು. ನೂರು ವರ್ಷವಾದರೂ ನಗರ ಪರಿಷತ್ತಿನ ಸಭೆಗಳಲ್ಲಿ ನಡೆಯುವ ಕೋಳಿ ಜಗಳವೆಲ್ಲ ಈ ಮಾತಿನ ಸುತ್ತಲೇ ಇದೆ. ಹಿತ್ತಿಲು ಕೋಳಿಗೆ ಸರಿಯಾದ ಜಾಗವೋ ಅಲ್ಲವೋ?

ಮೊದಲು ಆ ಸಾಲನ್ನು ಹುಡುಕಿ

ನೆರೆಯವರನ್ನು ಕೇಳಬೇಡಿ, ಫೇಸ್‌ಬುಕ್ ಗುಂಪಿನಲ್ಲೂ ಕೇಳಬೇಡಿ. ಊರಿನ ಕಾಯ್ದೆಗಳೆಲ್ಲ ಒಟ್ಟಿಗಿರುವ ಸಂಹಿತೆಯನ್ನೇ ತೆರೆದು ನೋಡಿ. ಬಹುತೇಕ ನಗರಗಳ ಸಂಹಿತೆ ಮ್ಯೂನಿಕೋಡ್‌ನಂತಹ ತಾಣಗಳಲ್ಲಿ ಉಚಿತವಾಗಿ ಸಿಗುತ್ತದೆ. ‘ಚಿಕನ್’ ಎಂದಷ್ಟೇ ಹುಡುಕಿದರೆ ಸಾಲದು. ‘ಪೌಲ್ಟ್ರಿ’, ‘ಫೌಲ್’, ‘ಲೈವ್‌ಸ್ಟಾಕ್’, ‘ಫಾರ್ಮ್ ಅನಿಮಲ್’ ಎಂಬ ಪದಗಳನ್ನೂ ಹಾಕಿ. ‘ಹೌಸ್‌ಹೋಲ್ಡ್ ಪೆಟ್’ ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯನ್ನು ತಪ್ಪದೆ ಓದಿ. ನಮ್ಮ ಊರಿನಲ್ಲಿ ತೊಡಕು ಅಡಗಿದ್ದದ್ದು ಅಲ್ಲಿಯೇ.

ಇದರಲ್ಲಿ ಎರಡು ಬಲೆಗಳಿವೆ. ಕೋಳಿಯ ಮಾತು ವಲಯ ನಿಯಮದ ಅಧ್ಯಾಯದಲ್ಲೂ ಇರಬಹುದು, ಪ್ರಾಣಿಗಳ ಅಧ್ಯಾಯದಲ್ಲೂ ಇರಬಹುದು. ಎರಡರಲ್ಲೂ ಇದ್ದರೆ ಎರಡನ್ನೂ ತಿದ್ದಬೇಕು. ಇನ್ನೊಂದು, ನಿಯಮದ ಮೌನ. ಪಟ್ಟಿಯಲ್ಲಿ ಹೆಸರಿಲ್ಲದ ಬಳಕೆಯೆಲ್ಲ ನಿಷಿದ್ಧ ಎಂಬುದು ಅನೇಕ ಊರುಗಳ ವಲಯ ನಿಯಮದ ತತ್ತ್ವ. ಕೋಳಿಯ ಬಗ್ಗೆ ಏನೂ ಬರೆದಿಲ್ಲ, ಆದ್ದರಿಂದ ಸಾಕಬಹುದು ಎಂದುಕೊಂಡವರ ಬಾಗಿಲಿಗೆ ನೋಟಿಸ್ ಬಂದದ್ದನ್ನು ನಾನು ಕಂಡಿದ್ದೇನೆ. ಸಂಶಯವಿದ್ದರೆ ಯೋಜನಾ ವಿಭಾಗಕ್ಕೆ ಇಮೇಲ್ ಬರೆದು, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಪಕ್ಕದ ಊರಿನ ನಿಯಮ ನಿಮ್ಮ ನಿಯಮವಲ್ಲ. ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರ ವರ್ಷಗಟ್ಟಲೆ ಚರ್ಚಿಸಿ 2024ರ ನವೆಂಬರ್‌ನಲ್ಲಿ ಹಿತ್ತಿಲ ಕೋಳಿ, ಬಾತುಕೋಳಿ, ಜೇನುಗೂಡುಗಳಿಗೆ ಒಪ್ಪಿಗೆ ಕೊಟ್ಟಿತು. ನಿಯಮ 2025ರ ಜನವರಿ ಕೊನೆಗೆ ಜಾರಿಗೆ ಬಂತು. ಆದರೆ ಅದರ ಸುತ್ತಮುತ್ತ ಕನ್ನಡಿಗರು ಹೆಚ್ಚಾಗಿ ಮನೆ ಮಾಡಿರುವ ಟ್ರಾಯ್, ನೋವೈ, ಫಾರ್ಮಿಂಗ್‌ಟನ್ ಹಿಲ್ಸ್ ಬೇರೆಬೇರೆ ನಗರಗಳು, ಪ್ರತಿಯೊಂದಕ್ಕೂ ತನ್ನದೇ ಪುಸ್ತಕ. ಕೃಷಿಕರನ್ನು ನೆರೆಯವರ ದೂರುಗಳಿಂದ ರಕ್ಷಿಸುವ ರಾಜ್ಯದ ಕೃಷಿಹಕ್ಕಿನ ಕಾಯ್ದೆ ಕಾಪಾಡೀತು ಎಂದೂ ಕೂರಬೇಡಿ. ಮಿಷಿಗನ್‌ನ ಕೃಷಿ ಆಯೋಗ 2014ರಲ್ಲೇ ವಸತಿ ಪ್ರದೇಶಗಳನ್ನು ಆ ರಕ್ಷಣೆಯಿಂದ ಹೊರಗಿಟ್ಟು, ತೀರ್ಮಾನವನ್ನು ಸ್ಥಳೀಯ ಆಡಳಿತಕ್ಕೆ ಬಿಟ್ಟಿತು.

ಎಲ್ಲಕ್ಕಿಂತ ಮೊದಲು ಮನೆ ಕೊಂಡ ದಿನದ ಕಾಗದಗಳನ್ನು ತೆಗೆಯಿರಿ. ನಿಮ್ಮ ಬಡಾವಣೆಗೆ ಮನೆಮಾಲೀಕರ ಸಂಘ ಇದ್ದರೆ, ಅದರ ಕರಾರಿನಲ್ಲಿ ಕೋಳಿ ಬೇಡ ಎಂದಿದ್ದರೆ, ನಗರ ಪರಿಷತ್ತು ಸರ್ವಾನುಮತದಿಂದ ಒಪ್ಪಿದರೂ ನಿಮ್ಮ ಹಿತ್ತಿಲಿಗೆ ಕೋಳಿ ಬರುವುದಿಲ್ಲ. ಅದು ನೀವೇ ಸಹಿ ಹಾಕಿದ ಖಾಸಗಿ ಒಪ್ಪಂದ. ಹೊಸ ಬಡಾವಣೆಗಳಲ್ಲಿರುವ ನಮ್ಮವರಲ್ಲಿ ಅನೇಕರ ಕೋಳಿ ಕನಸು ಇಲ್ಲಿಗೇ ಮುಗಿಯುತ್ತದೆ. ಮೊದಲೇ ತಿಳಿದರೆ 14 ತಿಂಗಳಾದರೂ ಉಳಿಯುತ್ತದೆ.

ವಿನಾಯಿತಿ ಕೇಳಬೇಡಿ, ತಿದ್ದುಪಡಿ ಕೇಳಿ

ನನಗೊಬ್ಬನಿಗೆ ವಿನಾಯಿತಿ ಕೊಡಿ ಎಂದು ಮೇಲ್ಮನವಿ ಮಂಡಳಿಗೆ ಅರ್ಜಿ ಹಾಕುವುದು ಸುಲಭದ ದಾರಿಯಂತೆ ಕಾಣುತ್ತದೆ. ಶುಲ್ಕ ಕಟ್ಟಿಸಿಕೊಳ್ಳುತ್ತಾರೆ, ನಿಮ್ಮ ಜಾಗಕ್ಕೇ ವಿಶಿಷ್ಟವಾದ ಕಷ್ಟ ಏನು ಎಂದು ಕೇಳುತ್ತಾರೆ. ಮೊಟ್ಟೆ ತಿನ್ನುವ ಆಸೆ ಆ ಲೆಕ್ಕಕ್ಕೆ ಬರುವುದಿಲ್ಲ. ಇಡೀ ಊರಿಗೆ ಅನ್ವಯಿಸುವಂತೆ ನಿಯಮದ ಪಠ್ಯವನ್ನೇ ತಿದ್ದಿಸುವುದು ಉದ್ದದ ದಾರಿ. ಆದರೆ ಊರು ಮುಟ್ಟಿಸುವುದು ಅದೇ. ಅಂದಹಾಗೆ, ಈ ಓಡಾಟದಲ್ಲಿ ನಿಮ್ಮ ಕಿವಿಗೆ ಬೀಳುವ ‘ಆರ್ಡಿನೆನ್ಸ್’ ನಮ್ಮ ಕಡೆಯ ಸುಗ್ರೀವಾಜ್ಞೆ ಅಲ್ಲ, ನಗರ ಪರಿಷತ್ತು ಮಾಡುವ ಸಾಮಾನ್ಯ ಸ್ಥಳೀಯ ಕಾಯ್ದೆ. ಊರಿಗೆ ಫೋನ್ ಮಾಡಿ ನಾನು ಆ ಪದ ಹೇಳಿದಾಗ ನಮ್ಮ ಮಾವನವರು ಗಾಬರಿಯಾಗಿದ್ದರು.

ಬೇಲಿಯಾಚೆಯ ಮನೆ

ಪರಿಷತ್ತಿನ ಸದಸ್ಯರನ್ನು ಕಾಣುವ ಮೊದಲು ನಿಮ್ಮ ಬೇಲಿಗೆ ತಗುಲಿದ ಮನೆಗಳಿಗೆ ಹೋಗಿ. ನಾವು ಇದನ್ನು ತಡವಾಗಿ ಮಾಡಿದೆವು. ಆನ್‌ಲೈನ್ ಮನವಿಗೆ ಇನ್ನೂರಕ್ಕೂ ಹೆಚ್ಚು ಸಹಿ ಬಂದಿತ್ತು, ಅದರಲ್ಲಿ ಅರ್ಧದಷ್ಟು ಬೇರೆ ಊರಿನವರದು. ಸದಸ್ಯರು ಅದನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಸಭೆಗೆ ಬಂದು ವಿರೋಧಿಸಿದ ನಮ್ಮ ಪಕ್ಕದ ಮನೆಯ ವೃದ್ಧೆಯ ಮಾತನ್ನು ಮಾತ್ರ ಪೂರ್ತಿ ಕೇಳಿಸಿಕೊಂಡರು.

ಆಮೇಲೆ ಆಕೆಯ ಮನೆಗೆ ಹೋಗಿ ಕೂತಾಗ ಗೊತ್ತಾಯಿತು, ಆಕೆಗೆ ಕೋಳಿಯ ಮೇಲೆ ಏನೂ ಸಿಟ್ಟಿರಲಿಲ್ಲ. ಹಿಂದೊಮ್ಮೆ ಯಾರೋ ಹಕ್ಕಿಗಳಿಗೆ ಕಾಳು ಚೆಲ್ಲಿ, ಇಲಿಗಳು ಆಕೆಯ ಗ್ಯಾರೇಜು ಹೊಕ್ಕಿದ್ದವು. ಆಕೆಯ ಭಯ ಇಲಿಯದು. ಇಲಿ ಬರುವುದು ಕೋಳಿಗಾಗಿ ಅಲ್ಲ, ಚೆಲ್ಲಿದ ಕಾಳಿಗಾಗಿ. ಹಾಗಾದರೆ ಕಾಳನ್ನು ಮುಚ್ಚಳವಿರುವ ಲೋಹದ ಡಬ್ಬದಲ್ಲೇ ಇಡಬೇಕು, ರಾತ್ರಿ ಉಳಿದ ಮೇವನ್ನು ತೆಗೆಯಬೇಕು, ಗೂಡಿನ ತಳಕ್ಕೂ ಅರ್ಧ ಇಂಚಿನ ಕಬ್ಬಿಣದ ಜಾಲರಿ ಹಾಕಬೇಕು ಎಂದು ಕಾಯ್ದೆಯಲ್ಲೇ ಬರೆದುಬಿಟ್ಟರೆ? ಎರಡನೆಯ ಸಲದ ನಮ್ಮ ಕರಡಿನಲ್ಲಿ ಈ ಮೂರೂ ಷರತ್ತುಗಳಿದ್ದವು. ಆಕೆ ಬೆಂಬಲಿಸಲಿಲ್ಲ. ಆದರೆ ವಿರೋಧಿಸಲು ಸಭೆಗೂ ಬರಲಿಲ್ಲ.

ನಾನು ಕಲಿತದ್ದು ಇಷ್ಟು: ಯಾರಾದರೂ ಆಕ್ಷೇಪ ಎತ್ತಿದರೆ ವಾದಕ್ಕೆ ಇಳಿಯಬೇಡಿ, ಆ ಭಯವನ್ನು ಷರತ್ತಾಗಿ ಬರೆದುಕೊಳ್ಳಿ.

ಕರಡು ನೀವೇ ಬರೆಯಿರಿ

ಹೆಚ್ಚಿನವರು ಬೇಡಿಕೆ ಇಟ್ಟು ಕರಡನ್ನು ಸಿಬ್ಬಂದಿಗೆ ಬಿಡುತ್ತಾರೆ. ಹಾಗೆ ಮಾಡಬೇಡಿ. ಒಂದೂವರೆ ಪುಟದ ಕರಡನ್ನು ಕೈಯಲ್ಲಿ ಹಿಡಿದೇ ಹೋಗಿ. ಬೇರೆ ಊರುಗಳು ದಾರಿ ಮಾಡಿಟ್ಟಿವೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಜನ ಕದ್ದುಮುಚ್ಚಿ ಕೋಳಿ ಸಾಕುತ್ತಿದ್ದರು; ತಮ್ಮನ್ನು ಭೂಗತ ಕೋಳಿ ಬಳಗ ಎಂದೇ ಕರೆದುಕೊಳ್ಳುತ್ತಿದ್ದರು. 2004ರಲ್ಲಿ ಆ ನಗರ ಮನೆಗೆ ನಾಲ್ಕು ಹೇಂಟೆಗಳಿಗೆ ಅನುಮತಿ ಕೊಟ್ಟಿತು. ಹುಂಜ ಬೇಡ, ಕೊಯ್ಯುವಂತಿಲ್ಲ, ಗೂಡು ನೆರೆಮನೆಯಿಂದ 25 ಅಡಿ ದೂರವಿರಬೇಕು ಎಂಬುದು ಅಲ್ಲಿಯ ಷರತ್ತು. ಸಿಯಾಟಲ್ 2010ರಲ್ಲಿ ಮಿತಿಯನ್ನು ಮೂರರಿಂದ ಎಂಟಕ್ಕೆ ಏರಿಸಿತು. ಡೆನ್ವರ್ 2011ರಲ್ಲಿ ಎಂಟು ಕೋಳಿಗಳ ಜೊತೆಗೆ ಎರಡು ಗಿಡ್ಡ ತಳಿಯ ಮೇಕೆಗಳನ್ನೂ ಒಪ್ಪಿತು. ನ್ಯೂಯಾರ್ಕ್‌ನಂತಹ ಮಹಾನಗರದಲ್ಲೇ ಹೇಂಟೆ ಸಾಕಬಹುದು, ಹುಂಜ ಮಾತ್ರ ನಿಷಿದ್ಧ.

ಹುಂಜವನ್ನು ನೀವೇ ಮೊದಲು ಬಿಟ್ಟುಕೊಡಿ. ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗೇ ಆಗದು ಎಂದು ನಂಬಿದ್ದ ನಮ್ಮ ಕಥೆಯ ಅಜ್ಜಿಗೆ ಇಲ್ಲಿ ಹೆಚ್ಚಿನ ನಗರಗಳು ಪರವಾನಗಿ ಕೊಡುತ್ತಿರಲಿಲ್ಲ. ಹೇಂಟೆ ಮೊಟ್ಟೆಯಿಟ್ಟು ಕೊಕ್ಕೊಕ್ಕೋ ಎನ್ನುವ ಸದ್ದು ಸುಮಾರು 60ರಿಂದ 70 ಡೆಸಿಬೆಲ್, ನಾವು ಮಾತಾಡುವ ಮಟ್ಟಕ್ಕಿಂತ ತುಸು ಹೆಚ್ಚು, ಅದೂ ಹಗಲಿನಲ್ಲಿ. ಬೊಗಳುವ ನಾಯಿಗೆ ಹೋಲಿಸಿದರೆ ಏನೇನೂ ಅಲ್ಲ.

ಕರಡಿನಲ್ಲಿ ಅತ್ಯಂತ ಅಪಾಯಕಾರಿ ಪದ ‘ಸೆಟ್‌ಬ್ಯಾಕ್’, ಅಂದರೆ ಗೂಡಿಗೂ ಗಡಿಗೂ ನಡುವೆ ಬಿಡಬೇಕಾದ ಅಂತರ. ನಮ್ಮ ಊರಿನ ಸಿಬ್ಬಂದಿ ಗೂಡು ಗಡಿರೇಖೆಯಿಂದ 50 ಅಡಿ ದೂರವಿರಲಿ ಎಂದು ಸೂಚಿಸಿದರು. ಕೇಳಲು ಹಿತವಾಗಿದೆ. ಆದರೆ ನಮ್ಮ ಬೀದಿಯ ನಿವೇಶನಗಳ ಅಗಲವೇ 60 ಅಡಿ. ಎರಡೂ ಪಕ್ಕದಿಂದ 50 ಅಡಿ ಬಿಡಲು 100 ಅಡಿ ಬೇಕು, ಮೇಲೆ ಗೂಡಿನ ಅಗಲ ಬೇರೆ. ಹೌದು ಎನ್ನುತ್ತಲೇ ಇಲ್ಲ ಎನ್ನುವ ಕಲೆ ಇದು. ನಾವು ನಿವೇಶನದ ನಕ್ಷೆಯ ಮೇಲೆ ಕೆಂಪು ಪೆನ್ನಿನಿಂದ ಗೆರೆ ಎಳೆದು ತೋರಿಸಿದಾಗ ಅವರೇ ನಕ್ಕರು. ಗಡಿಯಿಂದ 10 ಅಡಿ, ನೆರೆಯವರ ಮನೆಯಿಂದ 25 ಅಡಿ ಎಂದು ತೀರ್ಮಾನವಾಯಿತು. ಗಡಿಯಿಂದ ಎಷ್ಟು, ಮನೆಯಿಂದ ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಬರೆಸಿ.

ನೆರೆಯವರ ಒಪ್ಪಿಗೆ ಪತ್ರ ಕಡ್ಡಾಯ ಎಂಬ ಷರತ್ತನ್ನು ಸಾಧ್ಯವಾದಷ್ಟು ತಪ್ಪಿಸಿ. ಮಿನಿಯಾಪೊಲಿಸ್‌ನಲ್ಲಿ ಹಿಂದೆ 100 ಅಡಿಯೊಳಗಿನವರಲ್ಲಿ ಶೇ 80ರಷ್ಟು ಜನ ಸಹಿ ಹಾಕಬೇಕಿತ್ತು. ಬೇಲಿ ಜಗಳದ ಸಿಟ್ಟೆಲ್ಲ ಕೋಳಿಯ ಮೇಲೆ ತೀರಲು ಇಷ್ಟು ಸಾಕು. ನೆರೆಯವರಿಗೆ ಲಿಖಿತ ಸೂಚನೆ ಕೊಟ್ಟರೆ ಸಾಕೆಂದು ಬರೆಸುವುದು ಮೇಲು.

ಪರಿಷತ್ತು ಹಿಂಜರಿದರೆ ಪ್ರಾಯೋಗಿಕ ಅವಧಿಯನ್ನು ಮುಂದಿಡಿ. ಕೊಲೊರಾಡೋದ ಲಾಂಗ್‌ಮಾಂಟ್ 2009ರಲ್ಲಿ ಬರೀ 50 ಪರವಾನಗಿಗಳಿಂದ ಆರಂಭಿಸಿತು.

ಮೂರು ನಿಮಿಷ

ಒಬ್ಬ ಸದಸ್ಯರನ್ನಾದರೂ ಒಪ್ಪಿಸಿದರೆ ಪ್ರಸ್ತಾವ ಯೋಜನಾ ಆಯೋಗಕ್ಕೆ ಹೋಗುತ್ತದೆ. ಅಲ್ಲಿ ಸಾರ್ವಜನಿಕ ಅಹವಾಲು ನಡೆದು ಶಿಫಾರಸು ಹೊರಡುತ್ತದೆ, ಬಳಿಕ ಪರಿಷತ್ತಿನಲ್ಲಿ ಸಾಮಾನ್ಯವಾಗಿ ಎರಡು ವಾಚನ, ಅಂದರೆ ಪ್ರಸ್ತಾವ ಎರಡು ಸಲ ಸಭೆಯ ಮುಂದೆ ಬರುತ್ತದೆ. ಅಹವಾಲಿಗೆ ಮುಂಚಿತವಾಗಿ ಪ್ರಕಟಣೆ ಹೊರಡಿಸಬೇಕು. ಮಿಷಿಗನ್‌ನಲ್ಲಿ ಕನಿಷ್ಠ 15 ದಿನ ಮೊದಲು. ಮಾತಾಡಲು ನಿಮಗೆ ಸಿಗುವುದು ಹೆಚ್ಚಿನ ಕಡೆ ಮೂರು ನಿಮಿಷ.

ಮೊದಲ ಸಲ ನಾನು ಆ ಮೂರು ನಿಮಿಷವನ್ನು ಅಜ್ಜಿಯ ಮನೆ, ಬಾಲ್ಯ, ಬೆಚ್ಚಗಿನ ಮೊಟ್ಟೆ ಎಂದು ಕಳೆದೆ. ಕೆಂಪು ದೀಪ ಹತ್ತಿದಾಗ ಇನ್ನೂ ಅಜ್ಜಿ ಗೂಡು ತೆಗೆದಿರಲಿಲ್ಲ. ಒಬ್ಬ ಸದಸ್ಯರು, ಹುಂಜವಿಲ್ಲದೆ ಹೇಂಟೆ ಮೊಟ್ಟೆ ಇಡುತ್ತದೆಯೇ ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಪ್ರಸ್ತಾವವನ್ನು ಮುಂದೂಡುವಂತೆ ಸೂಚಿಸಿದವರು ಅವರೇ. ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ ಎಂದು ಗಂಭೀರವಾಗಿ ಹೇಳಿದ್ದರೆ ಮುಗಿಯುತ್ತಿತ್ತು.

ಎರಡನೆಯ ಸಲ ಆರು ಜನ ಒಂದೊಂದು ವಿಷಯ ಹಂಚಿಕೊಂಡೆವು: ಸದ್ದು, ವಾಸನೆ, ಇಲಿ, ರೋಗ, ನಕ್ಷೆ, ಜಾರಿಯ ಖರ್ಚು. ರೋಗದ ವಿಷಯದಲ್ಲಿ ಮುಚ್ಚುಮರೆ ಬೇಡ. ಹಿತ್ತಿಲ ಕೋಳಿಗಳಿಂದ ಹೊಟ್ಟೆಯ ಕಾಯಿಲೆ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡುವ ಬಗ್ಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪದೇ ಪದೇ ಎಚ್ಚರಿಸುತ್ತಲೇ ಇದೆ; ಐದು ವರ್ಷದೊಳಗಿನ ಮಕ್ಕಳು ಕೋಳಿಗಳನ್ನು ಮುಟ್ಟದಿರುವುದೇ ಒಳ್ಳೆಯದು ಎನ್ನುತ್ತದೆ. ಹಕ್ಕಿಜ್ವರ ಬರುವುದು ಹೆಚ್ಚಾಗಿ ಕಾಡುಹಕ್ಕಿಗಳ ಹಿಕ್ಕೆಯಿಂದ. ಆದ್ದರಿಂದ ಮೇವು ನೀರು ಮಾಡಿನಡಿ ಇರಬೇಕು, ಕೋಳಿಗಳು ಅಡ್ಡಾಡುವ ಜಾಗಕ್ಕೂ ಮುಚ್ಚಿಗೆ ಬೇಕು. ಹಳೆಯ ಮನೆಯಾದರೆ ಬಣ್ಣದಿಂದ ಉದುರಿದ ಸೀಸ ಮಣ್ಣಿನಲ್ಲಿರಬಹುದು. ಕೋಳಿ ಕೆದಕುವುದೇ ಮಣ್ಣನ್ನು, ಸೀಸ ಮೊಟ್ಟೆಗೂ ಸೇರುತ್ತದೆ. ಮಣ್ಣಿನ ಪರೀಕ್ಷೆ ಮೊದಲೇ ಮಾಡಿಸಿ.

ಅಗ್ಗದ ಮೊಟ್ಟೆಯ ವಾದವನ್ನು ಮಾತ್ರ ಎತ್ತಬೇಡಿ. ಗೂಡಿಗೆ ನೂರಾರು ಡಾಲರ್, ಕೋಳಿಗೆ ದಿನಕ್ಕೆ ಸುಮಾರು 115 ಗ್ರಾಂ ಮೇವು, ಚಳಿಗಾಲದಲ್ಲಿ ಬೆಳಕು ಕಡಿಮೆಯಾದಂತೆ ಮೊಟ್ಟೆಯೂ ಕಡಿಮೆ. ವೇದಿಕೆಯ ಮೇಲೆ ಲೆಕ್ಕ ಬಲ್ಲವರು ಒಬ್ಬರಾದರೂ ಇರುತ್ತಾರೆ. ಎರಡು ಮೂರು ವರ್ಷಗಳ ಬಳಿಕ ಮೊಟ್ಟೆ ಇಳಿಮುಖವಾದಾಗ ಹಳೆಯ ಹೇಂಟೆಗಳನ್ನು ಏನು ಮಾಡುತ್ತೀರಿ ಎಂದೂ ಕೇಳುತ್ತಾರೆ. ಹಾಸನದ ಕಡೆಯ ಉತ್ತರ ಸಾರು. ಆದರೆ ಹಿತ್ತಿಲಲ್ಲಿ ಕೊಯ್ಯುವಂತಿಲ್ಲ ಎಂಬ ಷರತ್ತು ನಿಮ್ಮ ಕರಡಿನಲ್ಲೇ ಇರುವಾಗ ಆ ಉತ್ತರ ನಡೆಯುವುದಿಲ್ಲ. ಬೇರೊಂದು ಸಿದ್ಧವಾಗಿರಲಿ.

ಅಂಗೀಕಾರವಾದ ಮೇಲೆ

ಜಾರಿಯ ದಿನಾಂಕ ನೋಡಿಕೊಂಡು ಪರವಾನಗಿ ಪಡೆದು, ಗೂಡು ಕಟ್ಟಿ, ಆಮೇಲೆ ಮರಿ ತನ್ನಿ. ಈ ಕ್ರಮ ತಪ್ಪಬೇಡಿ. ಹೊಸ ನಿಯಮದ ಮೊದಲ ದೂರು ನಿಮ್ಮ ಮನೆಯ ಮೇಲೆಯೇ ದಾಖಲಾದರೆ ಮುಜುಗರ. ಗೂಡಿನೊಳಗೆ ಕೋಳಿಗೆ ನಾಲ್ಕು ಚದರಡಿ, ಹೊರಗೆ ಹತ್ತು ಚದರಡಿ ಬಿಡಿ. ಷಡ್ಭುಜದ ಕಣ್ಣಿನ ತೆಳು ತಂತಿಬಲೆ ಕೋಳಿಯನ್ನು ಒಳಗಿಡುತ್ತದೆ, ಕೋಳಿ ಕದಿಯುವ ರಕೂನ್ ಎಂಬ ಕಾಡುಪ್ರಾಣಿಯನ್ನು ಹೊರಗಿಡುವುದಿಲ್ಲ. ಆ ಪ್ರಾಣಿಗೆ ಕೈಬೆರಳಿವೆ, ಸುಲಭದ ಚಿಲಕವನ್ನೂ ತೆಗೆಯುತ್ತದೆ.

ಮರಿ ಕೊಳ್ಳುವಾಗ ಹೆಣ್ಣೆಂದು ವಿಂಗಡಿಸಿದ ಮರಿಗಳನ್ನೇ ಕೇಳಿ. ವಿಂಗಡಿಸದ ಗುಂಪಿನಲ್ಲಿ ಅರ್ಧದಷ್ಟು ಗಂಡು. ವಿಂಗಡಿಸಿದರಲ್ಲೂ ಒಮ್ಮೊಮ್ಮೆ ತಪ್ಪಾಗುತ್ತದೆ, ನಾಲ್ಕೈದು ತಿಂಗಳಾಗುವವರೆಗೆ ಖಚಿತವಾಗುವುದಿಲ್ಲ. ನಮ್ಮ ನಾಲ್ಕರಲ್ಲಿ ಒಂದು ಅಕ್ಟೋಬರ್‌ನ ಒಂದು ನಸುಕಿನಲ್ಲಿ ಬೇಲಿಯ ಕಡೆ ಮುಖ ಮಾಡಿ ಕತ್ತು ಚಾಚಿ ಕೂಗಿತು. ಊರಾಚೆಯ ರೈತರೊಬ್ಬರು ಹುಂಜ ಬೇಕೆಂದಿದ್ದರು, ಅವರ ಫೋನ್ ನಂಬರನ್ನು ಮೇ ತಿಂಗಳಲ್ಲೇ ಬರೆದಿಟ್ಟುಕೊಂಡಿದ್ದೆ. ಎಂಟು ಗಂಟೆಯೊಳಗೆ ಹುಂಜ ಕಾರಿನಲ್ಲಿತ್ತು.