ಅಕಾರ್ಟಿಯಾ ಟೋನ್ಸಾ ಸಾಕಣೆ: ಮೊಟ್ಟೆ ಉಳಿಸಿಕೊಳ್ಳುವುದು ಹೇಗೆ?

ಸುಮಾರು 1 ಮಿ.ಮೀ. ಉದ್ದದ ಈ ಕೋಪೆಪಾಡ್‌ಗೆ (ಸಿಗಡಿ ಜಾತಿಗೆ ಹತ್ತಿರದ, ನೀರಲ್ಲಿ ತೇಲುವ ಪುಟ್ಟ ಜೀವಿ) ಚೆನ್ನಾಗಿ ಸೋಸಿದ, 30 ಪಿಪಿಟಿ (ಸಾವಿರಕ್ಕೆ 30 ಪಾಲು) ಉಪ್ಪಿನಂಶದ ಸಮುದ್ರದ ನೀರು ಬೇಕು. ಉಷ್ಣತೆ 18–20 ಡಿಗ್ರಿ ಸೆಲ್ಸಿಯಸ್. ರೋಡೊಮೊನಾಸ್ ಪಾಚಿಯನ್ನು ನೀರು ತಿಳಿಗೆಂಪಾಗುವಷ್ಟು ದಿನವೂ ಹಾಕಿ. ಮರುದಿನ ಬಣ್ಣ ಪೂರ್ತಿ ಹೋಗಿದ್ದರೆ ಆಹಾರ ಸಾಲಲಿಲ್ಲ ಎಂದೇ ಅರ್ಥ. ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಏರ್‌ಸ್ಟೋನ್ ಬೇಡ, ಬರೀ ಕೊಳವೆಯಿಂದ ದೊಡ್ಡ ಗುಳ್ಳೆ ನಿಧಾನವಾಗಿ ಏಳಲಿ.

ಇಟ್ಟ ಮೊಟ್ಟೆಯನ್ನು ದೊಡ್ಡವೇ ತಿಂದುಬಿಡುತ್ತವೆ! ಹಾಗಾಗಿ ದಿನಕ್ಕೊಮ್ಮೆ ಗಾಳಿ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು, ತಳದ ನೀರನ್ನು ಸೈಫನ್ ಮಾಡಿ (ಕೊಳವೆಯಿಂದ ಹೊರಗೆಳೆಯಿರಿ). 150 ಮೈಕ್ರಾನ್ ಜಾಲರಿ ದೊಡ್ಡವನ್ನು ತಡೆಯುತ್ತದೆ. ಸುಮಾರು 80 ಮೈಕ್ರಾನಿನ ಮೊಟ್ಟೆಗಳು ಕೆಳಗಿನ 55 ಮೈಕ್ರಾನ್ ಜಾಲರಿಯಲ್ಲಿ ನಿಲ್ಲುತ್ತವೆ. ಸೂಕ್ಷ್ಮದರ್ಶಕದಡಿ ಒಳ್ಳೆಯ ಮೊಟ್ಟೆ ಗುಂಡಗೆ, ಮಬ್ಬಾಗಿ ಕಾಣುತ್ತದೆ. ಒಡೆದ ಚಿಪ್ಪು ಗಾಜಿನಂತೆ ಖಾಲಿ. ಬೇರೆ ಪಾತ್ರೆಗೆ ಹಾಕಿದರೆ 1–2 ದಿನದಲ್ಲಿ ಮರಿ. ರೋಟಿಫರ್ (ಮೀನುಮರಿಗಳ ಆಹಾರಕ್ಕೆ ಸಾಕುವ ಇನ್ನೊಂದು ಸೂಕ್ಷ್ಮಜೀವಿ) ಪಾತ್ರೆಯ ಜಾಲರಿಯನ್ನು ಇಲ್ಲಿ ಮುಟ್ಟಿಸಲೇಬೇಡಿ, ಅವು ಇಲ್ಲಿಗೂ ಸೇರಿಬಿಡುತ್ತವೆ.