ಒಂದೇ ಊರು, ಆರು ರಾತ್ರಿ: ಆಲ್ಪ್ಸ್ ಹಳ್ಳಿ ಮತ್ತು ಸರೋವರದ ಊರುಗಳನ್ನು ನೋಡುವ ಕ್ರಮ

ಸ್ವಿಟ್ಜರ್ಲೆಂಡ್ ಪ್ರವಾಸವೆಂದರೆ ನಮ್ಮಲ್ಲಿ ಹೆಚ್ಚಿನವರು ಹಾಕಿಕೊಳ್ಳುವ ಪಟ್ಟಿ ಒಂದೇ ತೆರನದು: ಜ್ಯೂರಿಕ್‌ನಲ್ಲಿ ಎರಡು ರಾತ್ರಿ, ಲ್ಯೂಸರ್ನ್‌ನಲ್ಲಿ ಒಂದು, ಇಂಟರ್‌ಲಾಕನ್‌ನಲ್ಲಿ ಒಂದು, ಜಿನೀವಾದಲ್ಲಿ ಇನ್ನೊಂದು. ದಿನ ಬೆಳಗಾದರೆ ಪೆಟ್ಟಿಗೆ ಕಟ್ಟುವುದು, ಹೊಸ ಹೋಟೆಲು ಹುಡುಕುವುದು. ಬೆಟ್ಟಕ್ಕೆಂದು ಮೀಸಲಿಟ್ಟ ಒಂದೇ ದಿನ ಮೋಡ ಕವಿದರೆ ದುಬಾರಿ ಟಿಕೆಟ್ ಕೊಂಡು ಬಿಳಿ ಮಂಜನ್ನಷ್ಟೇ ನೋಡಿ ಇಳಿಯಬೇಕಾಗುತ್ತದೆ.

ಆಲ್ಪ್ಸ್‌ನಲ್ಲಿ ಹವೆ ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು. ಅದಕ್ಕೆ ತಕ್ಕ ಉಪಾಯವೆಂದರೆ ಒಂದೇ ಊರಲ್ಲಿ ಐದಾರು ರಾತ್ರಿ ತಂಗಿ, ಬೆಟ್ಟವೋ ಸರೋವರವೋ ಎಂಬುದನ್ನು ಆಯಾ ಬೆಳಿಗ್ಗೆ ತೀರ್ಮಾನಿಸುವುದು. ಇದಕ್ಕೆ ಬರ್ನೀಸ್ ಓಬರ್‌ಲ್ಯಾಂಡ್ ಪ್ರದೇಶ ಹೇಳಿ ಮಾಡಿಸಿದಂತಿದೆ. ಟೂನ್ ಮತ್ತು ಬ್ರೀನ್ಸ್ ಎಂಬ ಎರಡು ಸರೋವರಗಳ ನಡುವೆ ಇಂಟರ್‌ಲಾಕನ್ ಪಟ್ಟಣ. ಅಲ್ಲಿಂದ ರೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಲೌಟರ್‌ಬ್ರುನ್ನನ್ ಕಣಿವೆ. ಕಣಿವೆಯ ಒಂದು ಬದಿಯ ಕಡಿದಾದ ಬಂಡೆಯ ಮೇಲೆ ವೆಂಗನ್ (1274 ಮೀಟರ್), ಎದುರು ಬದಿಯಲ್ಲಿ ಮ್ಯೂರನ್ (ಸುಮಾರು 1640 ಮೀಟರ್). ಎರಡೂ ಪ್ರವಾಸಿಗರ ಕಾರುಗಳಿಗೆ ಪ್ರವೇಶವಿಲ್ಲದ ಹಳ್ಳಿಗಳು.

ಮೊದಲು ತಿಂಗಳು, ಆಮೇಲೆ ಊರು

ನಮ್ಮ ಶಾಲೆಗಳ ದೊಡ್ಡ ರಜೆ ಬರುವುದು ಏಪ್ರಿಲ್–ಮೇನಲ್ಲಿ. ತೊಡಕು ಶುರುವಾಗುವುದೇ ಇಲ್ಲಿಂದ. ಆ ಹೊತ್ತಿಗೆ ಅಲ್ಲಿ ಸ್ಕೀ ಕಾಲ ಮುಗಿದಿರುತ್ತದೆ, ಬೇಸಿಗೆ ಬಂದಿರುವುದಿಲ್ಲ. ಕೇಬಲ್ ಕಾರುಗಳನ್ನು ಒಂದೊಂದಾಗಿ ನಿಲ್ಲಿಸಿ ರಿಪೇರಿ, ತಪಾಸಣೆ ಮಾಡುವುದು ಆಗಲೇ. ಎತ್ತರದ ಹಳ್ಳಿಗಳಲ್ಲಿ ಹಲವು ಹೋಟೆಲುಗಳು ಬಾಗಿಲು ಹಾಕಿರುತ್ತವೆ. 1800 ಮೀಟರ್‌ಗಿಂತ ಮೇಲಿನ ಕಾಲುದಾರಿಗಳಲ್ಲಿ ಹಿಮ ಕರಗಿರುವುದಿಲ್ಲ. ಹಾಗೆಂದು ಪ್ರವಾಸವನ್ನೇ ಕೈಬಿಡಬೇಕಿಲ್ಲ, ತಂಗುವ ಊರನ್ನು ಕೆಳಗಿಳಿಸಿದರೆ ಸಾಕು. ಮೇನಲ್ಲಿ ಸರೋವರದ ದಂಡೆಯ ಸ್ಪೀಟ್ಸ್ ಅಥವಾ ಬ್ರೀನ್ಸ್‌ನಲ್ಲಿ ಉಳಿಯಿರಿ. ಹೂವಿನ ಕಾಲ ಅದು, ಹಿಮ ಕರಗಿ ಜಲಪಾತಗಳು ತುಂಬಿ ಸುರಿಯುತ್ತಿರುತ್ತವೆ, ಜನಸಂದಣಿಯೂ ಕಡಿಮೆ.

ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಎಲ್ಲ ದಾರಿಗಳೂ ತೆರೆದಿರುತ್ತವೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಜನವೂ ಹೆಚ್ಚು. ದಸರಾ ರಜೆ ಅಕ್ಟೋಬರ್ ಮೊದಲ ಭಾಗದಲ್ಲಿ ಬಿದ್ದರೆ ಬಿಡಬೇಡಿ. ಗಾಳಿ ತಿಳಿಯಾಗಿರುತ್ತದೆ, ಹಡಗುಗಳೂ ಬೆಟ್ಟದ ರೈಲುಗಳೂ ಬಹುಪಾಲು ಓಡುತ್ತಿರುತ್ತವೆ. ತಿಂಗಳ ಕೊನೆಗೆ ಒಂದೊಂದಾಗಿ ನಿಲ್ಲತೊಡಗುತ್ತವೆ, ನವೆಂಬರ್ ಬೇಡ.

ಜೂನ್‌ನಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಹೋಗುವವರಿಗೆ ನಮ್ಮ ಆಯ್ಕೆ ವೆಂಗನ್. ಲೌಟರ್‌ಬ್ರುನ್ನನ್‌ನಿಂದ ಹಲ್ಲುಹಳಿಯ ರೈಲು ಕಾಲು ಗಂಟೆಯೊಳಗೆ ಮೇಲಕ್ಕೆ ಮುಟ್ಟಿಸುತ್ತದೆ. ಸಂಜೆಯ ಹೊತ್ತು ಕಣಿವೆಯ ತಳ ನೆರಳಾದ ಮೇಲೂ ಇಲ್ಲಿ ಬಿಸಿಲಿರುತ್ತದೆ. ಮ್ಯೂರನ್ ಇದಕ್ಕಿಂತ ಸುಂದರ, ಶಾಂತ. ಆದರೆ ಅಲ್ಲಿಗೆ ಲೌಟರ್‌ಬ್ರುನ್ನನ್‌ನಿಂದ ಕೇಬಲ್ ಕಾರಿನಲ್ಲಿ ಗ್ರ್ಯುಟ್ಶ್‌ಆಲ್ಪ್ ತಲುಪಿ, ಮತ್ತೆ ಪುಟ್ಟ ರೈಲು ಹಿಡಿಯಬೇಕು. ಪೆಟ್ಟಿಗೆ, ವಯಸ್ಸಾದ ಅಪ್ಪ ಅಮ್ಮ, ಮಕ್ಕಳು ಎಲ್ಲರೂ ಇದ್ದಾಗ ಒಂದು ಬದಲಾವಣೆ ಕಡಿಮೆಯಾದರೂ ದೊಡ್ಡದೇ. ಇಂಟರ್‌ಲಾಕನ್‌ನಲ್ಲಿ ಭಾರತೀಯ ಹೋಟೆಲುಗಳಿವೆ, ಎಲ್ಲ ರೈಲುಗಳೂ ಸಿಗುತ್ತವೆ. ಆದರೆ ಹಳ್ಳಿ ನೋಡಲು ಬಂದವರಿಗೆ ಅಲ್ಲಿ ಸಿಗುವುದು ಪಟ್ಟಣ.

ಕೋಣೆ ಕಾದಿರಿಸುವ ಮುನ್ನ ನಾಲ್ಕು ವಿಷಯ ಕೇಳಿಕೊಳ್ಳಿ: ಅಡುಗೆಮನೆ ಇದೆಯೇ, ನಿಲ್ದಾಣದಿಂದ ದಾರಿ ಏರೋ ಸಮತಟ್ಟೋ, ಕೊನೆಯ ಶುಚಿಗೊಳಿಸುವ ಶುಲ್ಕ ಎಷ್ಟು, ಪ್ರವಾಸಿ ತೆರಿಗೆ ಬಾಡಿಗೆಯಲ್ಲೇ ಸೇರಿದೆಯೇ. ಆ ತೆರಿಗೆ ಕಟ್ಟಿದವರಿಗೆ ಅತಿಥಿ ಕಾರ್ಡು ಸಿಗುತ್ತದೆ. ಹಲವು ಊರುಗಳಲ್ಲಿ ಅದರಿಂದ ಸ್ಥಳೀಯ ಬಸ್ಸು ಉಚಿತ, ಬೇರೆ ರಿಯಾಯಿತಿಗಳೂ ಉಂಟು. ಮನೆಯವರು ತಾವಾಗಿ ಕೊಡದಿದ್ದರೆ ಕೇಳಿ ಪಡೆಯಿರಿ.

ವೀಸಾ ಮತ್ತು ಪಾಸ್

ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು. ತೀರ ತಡವೆಂದರೆ 15 ದಿನ ಮುಂಚೆ. ಬೇಸಿಗೆಯ ನೂಕುನುಗ್ಗಲಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಮೂರು ತಿಂಗಳ ಮುಂಚೆಯೇ ಮುಗಿಸಿ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಹೆಚ್ಚು ರಾತ್ರಿ ಕಳೆಯುವ ದೇಶಕ್ಕೇ ಅರ್ಜಿ ಹಾಕಬೇಕೆಂಬುದು ನಿಯಮ. ಒಂದೇ ಊರಿನ ಯೋಜನೆಯಲ್ಲಿ ಆ ಗೊಂದಲವಿಲ್ಲ.

ಪಾಸ್ ಕೊಳ್ಳುವಾಗ ಜನ ಎಡವುವುದು ಲೆಕ್ಕ ಹಾಕದೆ ಕೊಳ್ಳುವುದರಿಂದ. ಸ್ವಿಸ್ ಟ್ರಾವೆಲ್ ಪಾಸ್ ದೇಶದ ರೈಲು, ಬಸ್ಸು, ಸರೋವರದ ಹಡಗುಗಳಿಗೆ ನಡೆಯುತ್ತದೆ. ವೆಂಗನ್ ಮತ್ತು ಮ್ಯೂರನ್‌ವರೆಗೂ ಸಾಕು. ಅದಕ್ಕಿಂತ ಮೇಲೆ, ಯುಂಗ್‌ಫ್ರೌಯೋಖ್‌ನಂಥ ಶಿಖರ ನಿಲ್ದಾಣಗಳಿಗೆ, ಬರೀ ರಿಯಾಯಿತಿ. ಊರೂರು ಸುತ್ತುವವರಿಗೆ ಅದು ಸರಿ. ಒಂದೇ ಕಡೆ ನಿಲ್ಲುವವರು ಬರ್ನೀಸ್ ಓಬರ್‌ಲ್ಯಾಂಡ್ ಪ್ರಾದೇಶಿಕ ಪಾಸ್ ಮತ್ತು ಟಿಕೆಟ್‌ಗಳನ್ನು ಅರ್ಧ ಬೆಲೆಗೆ ಇಳಿಸುವ ಹಾಫ್ ಫೇರ್ ಕಾರ್ಡ್, ಇವೆರಡನ್ನು ಹೋಲಿಸಬೇಕು. ಹೋಗಬೇಕೆಂದಿರುವ ಜಾಗಗಳನ್ನು ಬರೆದು, ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್‌ನಲ್ಲಿ ಒಂದೊಂದರ ಪೂರ್ಣ ದರ ಕೂಡಿಸಿ, ಅರ್ಧ ಮಾಡಿ, ಕಾರ್ಡಿನ ಬೆಲೆ ಸೇರಿಸಿ. ಬಂದ ಮೊತ್ತ ಪ್ರಾದೇಶಿಕ ಪಾಸ್‌ಗಿಂತ ಕಡಿಮೆಯಾದರೆ ಕಾರ್ಡೇ ಲಾಭ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಆರರಿಂದ ಹದಿನೈದರವರೆಗಿನವರಿಗೆ ಕೊಳ್ಳುವಾಗಲೇ, ಅಪ್ಪ ಅಮ್ಮನ ಜೊತೆ ಉಚಿತವಾಗಿ ಓಡಾಡಲು ಬಿಡುವ ಸ್ವಿಸ್ ಫ್ಯಾಮಿಲಿ ಕಾರ್ಡ್ ಕೇಳಿ. ಸೂಪರ್‌ಸೇವರ್ ಎಂಬ ಅಗ್ಗದ ಟಿಕೆಟ್ ಆ ಒಂದೇ ರೈಲಿಗೆ ಸೀಮಿತ. ವಿಮಾನ ತಡವಾದರೆ ದುಡ್ಡು ಹೋದಂತೆ, ಆದ್ದರಿಂದ ಇಳಿಯುವ ದಿನಕ್ಕೆ ಕೊಳ್ಳಬೇಡಿ.

ತಲುಪುವ ದಿನ

ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. ಬರ್ನ್ ಮಾರ್ಗವಾಗಿ ಇಂಟರ್‌ಲಾಕನ್ ಓಸ್ಟ್‌ಗೆ ಎರಡೂಕಾಲು ಗಂಟೆಯ ಆಸುಪಾಸು. ಓಸ್ಟ್ ಎಂದರೆ ಪೂರ್ವ. ಅದಕ್ಕೂ ಮೊದಲು ಬರುವ ವೆಸ್ಟ್ ನಿಲ್ದಾಣದಲ್ಲಿ ಇಳಿದುಬಿಡಬೇಡಿ.

ಓಸ್ಟ್‌ನಲ್ಲಿ ಬೆಟ್ಟದ ರೈಲು ಹತ್ತುವಾಗ ತುಂಬ ಎಚ್ಚರ ಬೇಕು. ಒಂದೇ ರೈಲು ಟ್ಸ್ವೈಲ್ಯುಟ್ಶಿನನ್ ಎಂಬಲ್ಲಿ ಎರಡಾಗುತ್ತದೆ: ಒಂದು ಭಾಗ ಲೌಟರ್‌ಬ್ರುನ್ನನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ಖಾಲಿ ಸೀಟು ಕಂಡಲ್ಲಿ ಕೂತವರು ಬೇರೆ ಕಣಿವೆಯಲ್ಲಿ ಇಳಿಯುತ್ತಾರೆ. ಪ್ಲಾಟ್‌ಫಾರಂನ ಎ, ಬಿ ಗುರುತುಗಳನ್ನೂ ಬೋಗಿಯ ಹೊರಗಿನ ಫಲಕವನ್ನೂ ಓದಿ, ಮನೆಯವರೆಲ್ಲ ಒಂದೇ ಭಾಗದಲ್ಲಿ ಹತ್ತಿ. ಹೊರಡುವ ಮುನ್ನ ಓಸ್ಟ್ ನಿಲ್ದಾಣದ ಎದುರಿನ ದೊಡ್ಡ ಕೋಪ್ ಅಂಗಡಿಯಲ್ಲಿ ಅಕ್ಕಿ, ಮೊಸರು, ತರಕಾರಿ ಕೊಂಡುಬಿಡಿ. ಹಳ್ಳಿಯ ಅಂಗಡಿಗಳು ಚಿಕ್ಕವು, ಸಂಜೆ ಬೇಗ ಮುಚ್ಚುತ್ತವೆ.

ಪ್ರತಿ ಬೆಳಿಗ್ಗೆ ಹತ್ತು ನಿಮಿಷ

ಏಳು ಗಂಟೆಗೆ ಎದ್ದು ಮೊದಲು ನೋಡಬೇಕಾದದ್ದು ಶಿಖರಗಳ ನೇರ ಕ್ಯಾಮೆರಾ. ಶಿಲ್ಟ್‌ಹಾರ್ನ್, ಮೆನ್ಲಿಖನ್, ಯುಂಗ್‌ಫ್ರೌಯೋಖ್ ಮೂರಕ್ಕೂ ಇದೆ. ಹಳ್ಳಿಯಲ್ಲಿ ಮಂಜಿದ್ದರೂ ಮೇಲೆ ಬಿಸಿಲಿರಬಹುದು. ಕಿಟಕಿಯಿಂದ ನೋಡಿ ತೀರ್ಮಾನಿಸಬೇಡಿ. ಸ್ವಿಸ್ ಹವಾಮಾನ ಇಲಾಖೆಯ ಆ್ಯಪ್‌ನಲ್ಲಿ ಮಧ್ಯಾಹ್ನದ ಗುಡುಗಿನ ಸೂಚನೆ ನೋಡಿ. ಮೇಲೆ ತಿಳಿಯಾಗಿದ್ದರೆ ತಕ್ಷಣ ಬೆಟ್ಟ, ಮೋಡವಿದ್ದರೆ ಸರೋವರ, ಜಡಿಮಳೆಯಾದರೆ ಲೌಟರ್‌ಬ್ರುನ್ನನ್ ಕಣಿವೆಯ ಟ್ರ್ಯುಮ್ಮೆಲ್‌ಬಾಖ್ ಜಲಪಾತ.

ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪಾಗುತ್ತದೆ. 564 ಮೀಟರ್ ಎತ್ತರದ ಬ್ರೀನ್ಸ್ ಸರೋವರದ ಬಳಿ 22 ಡಿಗ್ರಿ ಇದ್ದರೆ 2970 ಮೀಟರ್‌ನ ಶಿಲ್ಟ್‌ಹಾರ್ನ್ ತುದಿಯಲ್ಲಿ 7–8 ಡಿಗ್ರಿ, ಗಾಳಿ ಬೇರೆ. ಒಂದು ದಪ್ಪ ಕೋಟಿನ ಬದಲು ಮೂರು ತೆಳು ಪದರ ಒಯ್ಯಿರಿ: ಬೆವರು ಹೀರುವ ಬನಿಯನ್, ಸ್ವೆಟರ್, ಮಳೆಗಾಳಿ ತಡೆಯುವ ಜಾಕೆಟ್. ಜೀನ್ಸ್ ನೆನೆದರೆ ಒಣಗದು.

ಬೆಟ್ಟದ ದಿನ

ಮೊದಲ ನಡಿಗೆಗೆ ಗ್ರ್ಯುಟ್ಶ್‌ಆಲ್ಪ್‌ನಿಂದ ಮ್ಯೂರನ್‌ವರೆಗಿನ ದಾರಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಪುಟ್ಟ ರೈಲಿನ ಹಳಿಯ ಪಕ್ಕದಲ್ಲೇ ಸಾಗುತ್ತದೆ, ಏರು ಕಡಿಮೆ, ಆಚೆ ಬದಿಯಲ್ಲಿ ಐಗರ್, ಮ್ಯೋಂಖ್, ಯುಂಗ್‌ಫ್ರೌ ಮೂರೂ ಸಾಲಾಗಿ ನಿಂತಿರುತ್ತವೆ. ನಿಧಾನವಾಗಿ ಒಂದೂವರೆ ಗಂಟೆ. ಸುಸ್ತಾದವರು ನಡುವಿನ ವಿಂಟರ್‌ಎಗ್‌ನಲ್ಲಿ ರೈಲು ಹತ್ತಬಹುದು. ಮ್ಯೂರನ್‌ನಿಂದ ಗಿಮ್ಮೆಲ್‌ವಾಲ್ಡ್‌ಗೆ ಇಳಿಜಾರಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ಇದು ಹುಲ್ಲು, ದನ, ಹಾಲನ್ನು ನಂಬಿ ಬದುಕುವ ಊರು. ಮನೆಯ ಮುಂದೆ ಚೀಸ್ ಇಟ್ಟು, ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ. ಚಿಲ್ಲರೆ ಫ್ರಾಂಕ್ ಇಟ್ಟುಕೊಂಡಿರಿ. ಇಳಿಯಲು ಸ್ಟೆಖೆಲ್‌ಬರ್ಗ್‌ಗೆ ಕೇಬಲ್ ಕಾರು, ಅಲ್ಲಿಂದ 141ನೇ ನಂಬರಿನ ಬಸ್ಸು ಲೌಟರ್‌ಬ್ರುನ್ನನ್‌ಗೆ.

ವೆಂಗನ್ ಕಡೆಯಲ್ಲಾದರೆ ಮೆನ್ಲಿಖನ್‌ಗೆ ಕೇಬಲ್ ಕಾರಿನಲ್ಲಿ ಏರಿ, ಕ್ಲೈನೆ ಶೈಡೆಗ್‌ವರೆಗೆ (2061 ಮೀಟರ್) ನಾಲ್ಕೂವರೆ ಕಿಲೋಮೀಟರಿನ ಸೌಮ್ಯ ಇಳಿಜಾರು. ಜೂನ್ ಮೊದಲ ವಾರದಲ್ಲೂ ಇಲ್ಲಿ ಹಿಮ ಉಳಿದಿರಬಹುದು; ಕೌಂಟರಿನಲ್ಲಿ ದಾರಿ ತೆರೆದಿದೆಯೇ ಎಂದು ಕೇಳಿಯೇ ಟಿಕೆಟ್ ಕೊಳ್ಳಿ.

ಹಳದಿ ಫಲಕ ಸಾಮಾನ್ಯ ಕಾಲುದಾರಿ. ಬಿಳಿ-ಕೆಂಪು-ಬಿಳಿ ಪಟ್ಟೆ ಕಂಡರೆ ಕಡಿದಾದ ಬೆಟ್ಟದ ದಾರಿ, ಗಟ್ಟಿ ಹಿಡಿತದ ಬೂಟು ಬೇಕು. ಬಿಳಿ-ನೀಲಿ-ಬಿಳಿ ನುರಿತವರಿಗೆ ಮಾತ್ರ. ಫಲಕದಲ್ಲಿ ಬರೆದ ಸಮಯದಲ್ಲಿ ವಿಶ್ರಾಂತಿ ಸೇರಿಲ್ಲ, ಅದು ನಡೆದು ರೂಢಿಯಿರುವವರ ವೇಗ. ಫೋಟೊ, ಮಕ್ಕಳು ಎಲ್ಲ ಸೇರಿ ಅದರ ಒಂದೂವರೆ ಪಟ್ಟು ಹಿಡಿಯಿರಿ. ಇಲ್ಲದಿದ್ದರೆ ಕೊನೆಯ ಕೇಬಲ್ ಕಾರು ತಪ್ಪುತ್ತದೆ. ಅದು ಹೊರಡುವ ಸಮಯವನ್ನು ಹತ್ತುವಾಗಲೇ ಬರೆದುಕೊಳ್ಳಿ.

ಹುಲ್ಲುಗಾವಲಿಗೆ ಇಳಿದು ಫೋಟೊ ತೆಗೆಯಬೇಡಿ. ಚಳಿಗಾಲಕ್ಕೆ ದನಗಳಿಗೆ ಹಾಕುವ ಮೇವು ಅದು, ತುಳಿದ ಹುಲ್ಲನ್ನು ಕೊಯ್ಯಲಾಗದು. ದಾರಿಗಡ್ಡವಾದ ತಂತಿಬೇಲಿಯಲ್ಲಿ ಕರೆಂಟ್ ಇರುತ್ತದೆ. ಪ್ಲಾಸ್ಟಿಕ್ ಹಿಡಿಯನ್ನೇ ಹಿಡಿದು ತೆರೆದು, ದಾಟಿದ ಮೇಲೆ ಮತ್ತೆ ಹಾಕಿ. ಕರುವಿನ ಜೊತೆಗಿರುವ ಹಸುವಿನಿಂದ ದೂರವಿರಿ, ಎಷ್ಟೇ ಸಾಧುವಾಗಿ ಕಂಡರೂ.

ಸರೋವರದ ದಿನ

ಬ್ರೀನ್ಸ್ ಸರೋವರದ ಹಡಗು ಹೊರಡುವುದು ಓಸ್ಟ್ ನಿಲ್ದಾಣದ ಹಿಂಬದಿಯಿಂದ, ಟೂನ್ ಸರೋವರದ್ದು ವೆಸ್ಟ್ ನಿಲ್ದಾಣದ ಬಳಿಯಿಂದ. ಇದು ಅದಲುಬದಲಾದರೆ ಒಂದೆರಡು ಗಂಟೆ ನಷ್ಟ, ಏಕೆಂದರೆ ಹಡಗುಗಳ ನಡುವೆ ಅಂತರ ಹೆಚ್ಚು. ಬ್ರೀನ್ಸ್ ಕಡೆ ಹಡಗುಗಳು ಸುಮಾರಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ವೇಳಾಪಟ್ಟಿಯಲ್ಲಿ ಲೋಟ್ಶ್‌ಬರ್ಗ್ ಹೆಸರು ಕಂಡರೆ ಅದನ್ನೇ ಹಿಡಿಯಿರಿ: 1914ರ ಉಗಿಹಡಗು, ಎರಡು ಬದಿಯ ಚಕ್ರಗಳಿಂದ ನೀರು ತಳ್ಳುತ್ತ ಸಾಗುತ್ತದೆ.

ಗೀಸ್‌ಬಾಖ್ ನಿಲುಗಡೆಯಲ್ಲಿ ಇಳಿಯಿರಿ. ದಂಡೆಯಿಂದ ಮೇಲಕ್ಕೆ 1879ರಿಂದ ಓಡುತ್ತಿರುವ ಹಗ್ಗದ ರೈಲಿದೆ. ನಡೆದರೂ ಇಪ್ಪತ್ತು ನಿಮಿಷ. ಅಲ್ಲಿನ ಜಲಪಾತದ ಹಿಂದಿನಿಂದಲೇ ಹಾದುಹೋಗುವ ಕಾಲುದಾರಿ ಮಕ್ಕಳಿಗೆ ಮರೆಯಲಾಗದ ಅನುಭವ. ಇಳಿಯುವಾಗಲೇ ಮುಂದಿನ ಹಡಗಿನ ಸಮಯ ನೋಡಿಟ್ಟುಕೊಂಡು ಬ್ರೀನ್ಸ್‌ಗೆ ಹೊರಡಿ. ಮರದ ಕೆತ್ತನೆಯ ಊರದು. ಕೆತ್ತನೆ ಕಲಿಸುವ ಶಾಲೆಯೇ ಇದೆ. ಬ್ರುನ್‌ಗಾಸ್ಸೆ ಎಂಬ ಓಣಿಯ ಹಳೆಯ ಮರದ ಮನೆಗಳನ್ನು ನೋಡಲು ಅರ್ಧ ಗಂಟೆ ಸಾಕು, ನೀರಂಚಿನ ದಾರಿಯಲ್ಲಿ ಸಂಜೆಯವರೆಗೂ ಕೂರಬಹುದು. ಉಗಿಯಲ್ಲಿ ಬೆಟ್ಟ ಏರುವ ರೋಟ್‌ಹಾರ್ನ್ ರೈಲು (1892) ಹೊರಡುವುದೂ ಇಲ್ಲಿಂದಲೇ. ಇಂಟರ್‌ಲಾಕನ್‌ಗೆ ಮರಳುವ ರೈಲಿನಲ್ಲಿ ಎಡಗಡೆ ಕೂತರೆ ಸರೋವರ ಕಾಣುತ್ತದೆ.

ನೀರಿಗೆ ಆ ಹಸಿರುನೀಲಿ ಬಣ್ಣ ಬರುವುದು ಹಿಮನದಿಗಳು ಬಂಡೆಯನ್ನು ತೇಯ್ದು ತರುವ ನುಣ್ಣನೆಯ ಪುಡಿಯಿಂದ. ಅಂದರೆ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ದಡದಿಂದ ಧುಮುಕಿದರೆ ಉಸಿರು ಕಟ್ಟುವ ಅಪಾಯವಿದೆ. ಮೆಲ್ಲಗೆ ಇಳಿಯಿರಿ, ಈಜು ಬಾರದವರು ಪಾದ ಮುಳುಗಿಸುವುದಷ್ಟೇ ಸಾಕು.

ಕೊರಿಯಾದ ಧಾರಾವಾಹಿಯೊಂದರಿಂದ ಪ್ರಸಿದ್ಧವಾದ ಇಸೆಲ್ಟ್‌ವಾಲ್ಡ್ ಹಳ್ಳಿ ಇರುವುದೂ ಬ್ರೀನ್ಸ್ ಸರೋವರದ ದಂಡೆಯಲ್ಲೇ. ಜನ ಮಿತಿಮೀರಿದ್ದರಿಂದ ಗ್ರಾಮಾಡಳಿತ 2023ರಲ್ಲಿ, ಧಾರಾವಾಹಿಯಲ್ಲಿ ಕಾಣುವ ನೀರಂಚಿನ ಮರದ ಕಟ್ಟೆಗೆ ಗೇಟು ಹಾಕಿ 5 ಫ್ರಾಂಕ್ ಶುಲ್ಕ ವಿಧಿಸಿತು. ಫೋಟೊ ತೆಗೆದು ಓಡುವ ಬದಲು ಬೆಳಿಗ್ಗೆ ಬೇಗ 103ನೇ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಗೀಸ್‌ಬಾಖ್‌ಗೆ ದಂಡೆಗುಂಟ ಒಂದೂವರೆ ಗಂಟೆ ನಡೆಯಿರಿ.

ಟೂನ್ ಸರೋವರಕ್ಕೆ ಇನ್ನೊಂದು ದಿನ: ಓಬರ್‌ಹೋಫನ್ ಕೋಟೆ, ದ್ರಾಕ್ಷಿ ತೋಟಗಳ ನಡುವಿನ ಸ್ಪೀಟ್ಸ್, ಸೂರಿರುವ ಮರದ ಸೇತುವೆಗಳ ಟೂನ್.

ಮಳೆಯ ದಿನದ ಟ್ರ್ಯುಮ್ಮೆಲ್‌ಬಾಖ್ ಬೆಟ್ಟದ ಒಳಗೇ ಇಳಿಯುವ ಹತ್ತು ಜಲಪಾತಗಳ ಸಾಲು. ಹಿಮನದಿಗಳ ನೀರು ಸೆಕೆಂಡಿಗೆ 20,000 ಲೀಟರ್‌ವರೆಗೆ ನುಗ್ಗುತ್ತದೆ. ಮೆಟ್ಟಿಲು ಜಾರುತ್ತವೆ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಊಟದ ವಿಚಾರ

ಸಸ್ಯಾಹಾರಿಗಳು ಹೆಸರು ನೋಡಿ ಆರ್ಡರ್ ಮಾಡಬಾರದು. ಆಲೂಗಡ್ಡೆಯ ರೋಸ್ಟಿಯಲ್ಲೂ ಮ್ಯಾಕರೋನಿಯ ಆಲ್ಪ್ಲರ್‌ಮಾಗ್ರೋನನ್‌ನಲ್ಲೂ ಹಂದಿಮಾಂಸದ ಚೂರು ಸೇರಿಸುವುದುಂಟು. "ಓನೆ ಸ್ಪೆಕ್" ಎಂದರೆ ಅದಿಲ್ಲದೆ ಕೊಡುತ್ತಾರೆ. ತರಕಾರಿ ಸೂಪಿನ ನೀರು ಮಾಂಸದ್ದಾಗಿರಬಹುದು. ಕರಗಿಸಿದ ಚೀಸಿನ ಫಾಂಡ್ಯೂನಲ್ಲಿ ವೈನ್ ಇರುತ್ತದೆ. ಸಾಂಪ್ರದಾಯಿಕ ಚೀಸ್ ಬಹುಪಾಲು ಕರುವಿನ ಹೊಟ್ಟೆಯ ರೆನೆಟ್‌ನಿಂದ ಹೆಪ್ಪುಗಟ್ಟಿದ್ದು.

ಮನೆಯಿಂದ ಅವಲಕ್ಕಿ, ಚಟ್ನಿಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿರಿ. ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ: ತುಪ್ಪ, ಧಾರವಾಡ ಪೇಡ ಎರಡೂ ಕಸ್ಟಮ್ಸ್‌ನಲ್ಲಿ ಹೋಗುತ್ತವೆ. ಹಸಿ ಕರಿಬೇವೂ ಬೇಡ. ಕುಡಿಯುವ ನೀರು ಕೊಳ್ಳಬೇಕಿಲ್ಲ, ಹಳ್ಳಿಯ ತೊಟ್ಟಿಗಳಲ್ಲಿ ಹರಿಯುವುದು ಶುದ್ಧ ನೀರು. "ಕೈನ್ ಟ್ರಿಂಕ್‌ವಾಸ್ಸರ್" ಎಂಬ ಫಲಕವಿದ್ದರೆ ಮಾತ್ರ ಕುಡಿಯಬೇಡಿ. ರಾತ್ರಿ ಹತ್ತರ ನಂತರ ಜೋರು ಮಾತು, ಬಟ್ಟೆ ಒಗೆಯುವ ಯಂತ್ರ ಎರಡನ್ನೂ ನಿಲ್ಲಿಸಿ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರದು. ಸ್ವಿಸ್ ಸಾಕೆಟ್ ಒಳಕ್ಕೆ ತಗ್ಗಾಗಿರುವುದರಿಂದ ದಪ್ಪನೆಯ ಯೂನಿವರ್ಸಲ್ ಅಡಾಪ್ಟರ್ ಕೂಡ ಕೆಲವೊಮ್ಮೆ ಹೋಗುವುದಿಲ್ಲ. ಸ್ವಿಸ್ ಅಡಾಪ್ಟರನ್ನೇ ಕೇಳಿ ಕೊಳ್ಳಿ.

ಫೋನಿನಲ್ಲಿ ಎರಡು ನಂಬರ್ ಉಳಿಸಿಕೊಳ್ಳಿ: ಆಂಬುಲೆನ್ಸ್‌ಗೆ 144, ಬೆಟ್ಟದಲ್ಲಿ ಹೆಲಿಕಾಪ್ಟರ್ ರಕ್ಷಣೆಗೆ 1414. ಹೆಲಿಕಾಪ್ಟರ್ ವೆಚ್ಚ ನಿಮ್ಮ ವಿಮೆಯಲ್ಲಿ ಸೇರಿದೆಯೇ ಎಂದು ಹೊರಡುವ ಮುನ್ನ ನೋಡಿ.

ಮರಳುವಾಗ ವೆಂಗನ್‌ನಿಂದ ಜ್ಯೂರಿಕ್ ವಿಮಾನ ನಿಲ್ದಾಣಕ್ಕೆ ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಎರಡು ಮೂರು ಕಡೆ ರೈಲು ಬದಲಿಸಬೇಕು. ವಿಮಾನ ಮಧ್ಯಾಹ್ನದ ನಂತರದ್ದಾದರೆ ಬೆಳಿಗ್ಗೆಯ ಮೊದಲ ರೈಲುಗಳಲ್ಲಿ ಒಂದನ್ನು ಹಿಡಿಯಿರಿ. ಬೆಳಿಗ್ಗೆಯದ್ದಾದರೆ ಹಿಂದಿನ ಸಂಜೆಯೇ ಇಳಿದು ನಿಲ್ದಾಣದ ಹತ್ತಿರ ತಂಗಿ.